ಹಲ್ಲಕ್ಕನ ಮರಿಮೀನುಗಳು

ಮೂರನೆಯ ಸಲವೂ ಮೊಟ್ಟೆಗಳು ಮಾಯವಾಗಿದ್ದವು. ಹಿಂದಿನ ಸಂಜೆ ಗಾಜಿನ ತೊಟ್ಟಿಯೊಳಗಿನ ಗಿಡದ ಅಗಲ ಎಲೆಯ ಮೇಲೆ, ಸಾಸಿವೆಗಿಂತ ಸಣ್ಣ ಮಣಿಗಳನ್ನು ಪೋಣಿಸಿಟ್ಟಂತೆ ಸಾಲುಸಾಲಾಗಿ ಅಂಟಿಕೊಂಡಿದ್ದ ಇನ್ನೂರು ಮುನ್ನೂರು ಮೊಟ್ಟೆಗಳಲ್ಲಿ ಬೆಳಗ್ಗೆ ಹೆಸರಿಗೊಂದೂ ಉಳಿದಿರಲಿಲ್ಲ. ಎಲೆ ತೊಳೆದಿಟ್ಟ ತಟ್ಟೆಯಂತಿತ್ತು. ಪಕ್ಕದಲ್ಲೇ ಗಂಡು ಏಂಜೆಲ್ ಮೀನು ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ನಿಂತಿತ್ತು.

“ಮತ್ತೆ ತಿಂದ್ಬಿಡ್ತಾ ಆ ಹೊಟ್ಟೆಬಾಕ?” ಎಂದರು ಅತ್ತೆ, ಅಡುಗೆಮನೆಯಿಂದಲೇ.

ಸೊಸೆ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿ ಎಲೆಯನ್ನೇ ನೋಡುತ್ತಿದ್ದಳು.

ಬೀದಿಯವರೆಲ್ಲ ಅವಳನ್ನು ಹಲ್ಲಕ್ಕ ಎಂದು ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷಗಳಿಂದ ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿ ಅವಳ ಕೆಲಸ. ಬೋಳು ಒಸಡಿನ ಅಚ್ಚು ಕೈಗೆ ಬಂದರೆ ಸಾಕು, ಮೇಣದಲ್ಲಿ ಒಸಡು ಎಬ್ಬಿಸಿ, ಒಂದೊಂದೇ ಹಲ್ಲು ಕೂರಿಸಿ, ಮುಂಭಾಗದ ಹಲ್ಲನ್ನು ಕೂದಲೆಳೆಯಷ್ಟು ಓರೆ ಮಾಡಿ, ನೋಡಿದವರು ಕಟ್ಟಿಸಿದ್ದೆಂದು ಹೇಳಬಾರದು, ಹಾಗೆ ಮಾಡಿ ಕೊಡುತ್ತಿದ್ದಳು. ಎರಡು ತಿಂಗಳ ಹಿಂದೆ ಲ್ಯಾಬಿಗೆ ಒಂದು ಯಂತ್ರ ಬಂತು. ಪರದೆಯ ಮೇಲೆ ಬಿಡಿಸಿದ್ದನ್ನು ಅದು ತಾನೇ ಹಲ್ಲು ಮಾಡಿ ಉದುರಿಸುತ್ತಿತ್ತು. ಅದರ ಮುಂದೆ ಇಪ್ಪತ್ತೈದು ದಾಟದ ಇಬ್ಬರು ಕೂತರು. ಹಲ್ಲಕ್ಕನನ್ನು ಪ್ಯಾಕಿಂಗ್ ಮೇಜಿಗೆ ಕಳಿಸಿದರು. ಮಾಡಿದ ಹಲ್ಲನ್ನು ಡಬ್ಬಿಗೆ ಹಾಕಿ ಚೀಟಿ ಅಂಟಿಸುವುದು. ಅಷ್ಟೇ.

ಆ ದಿನ ಮನೆಗೆ ಬಂದವಳು ಚೀಲವನ್ನೂ ಇಳಿಸದೆ ಬಾಗಿಲಲ್ಲೇ ನಿಂತಳು. ಮನೆ ಬದಲಿಸುವಾಗ ಅವಳ ತಮ್ಮ ಎರಡು ಮೀನುಗಳ ಸಮೇತ ಬಿಟ್ಟುಹೋಗಿದ್ದ ತೊಟ್ಟಿ ಬಾಗಿಲ ಬಳಿ ಪಾಚಿ ಕಟ್ಟಿಕೊಂಡು ಬಿದ್ದಿತ್ತು. ಅದನ್ನು ಉಜ್ಜತೊಡಗಿದಳು. ಪಾಚಿ ಹೋಗಿ ನೀರು ತಿಳಿಯಾದ ಮೇಲೆ, ಅಲ್ಲಿಯವರೆಗೆ ಒಂದು ಮೂಲೆ ಹಿಡಿದು ತೂಕಡಿಸುತ್ತಿದ್ದ ಎರಡು ಏಂಜೆಲ್ ಮೀನುಗಳು ಜೋಡಿಯಾದವು.

ಮೂರನೆಯ ಸಲದ ಮೊಟ್ಟೆ ಹೋದ ಸಂಜೆ ಅವಳು ಮೀನಿನಂಗಡಿಗೆ ಹೋದಳು. ಅಂಗಡಿಯವನು ಒಳ್ಳೆಯ ಮನುಷ್ಯ, ಆದರೆ ಎಲ್ಲ ಬಲ್ಲವನು.

“ಇದು ಆಗೋ ಹೋಗೋ ಮಾತಲ್ಲ, ಅಕ್ಕಾ,” ಎಂದನವನು. “ತೊಟ್ಟೀಲೇ ಹುಟ್ಟಿ ಬೆಳೆದ ಮೀನು ಇವು. ಮರಿ ಸಾಕೋದು ಇವಕ್ಕೆ ಮರ್ತೇ ಹೋಗಿದೆ. ಎಲೆ ಕತ್ತರಿಸಿ ಬೇರೆ ಡಬ್ಬದಲ್ಲಿಟ್ಟು, ಔಷಧಿ ಹಾಕಿ ನೀವೇ ಮರಿ ಮಾಡಿಸಿ. ಅಪ್ಪ ಅಮ್ಮನ್ನ ನಂಬ್ಕೊಂಡ್ರೆ ಕೆಟ್ರಿ.”

“ಮರ್ತಿದ್ರೆ ಇಡೀ ಸಂಜೆ ಮೊಟ್ಟೆಗೆ ರೆಕ್ಕೆ ಬೀಸ್ತಾ ಯಾಕೆ ನಿಂತಿರ್ತಾವೆ?” ಎಂದಳು ಹಲ್ಲಕ್ಕ.

ಅವನು ಮಾತು ತಿರುಗಿಸಿ, ಬೇಕಾದರೆ ಇನ್ನೊಂದು ಜೋಡಿ ಕೊಡುತ್ತೇನೆಂದ. ಅವಳು ಬೇಡವೆಂದಳು. ಮರೆತಿಲ್ಲ, ಏನೋ ಅವನ್ನು ಹೆದರಿಸುತ್ತಿದೆ ಎಂದು ಅವಳಿಗೆ ಅನ್ನಿಸಿತ್ತು. ಏನದು ಎಂದು ಕಂಡುಹಿಡಿಯದೆ ಬಿಡುವವಳಲ್ಲ ಅವಳು.

ಮುಂದಿನ ರಜಾದಿನ ಒಂದು ಸ್ಟೂಲು ಎಳೆದುಕೊಂಡು, ಮಡಿಲಲ್ಲಿ ನೋಟ್‌ಬುಕ್ ಇಟ್ಟುಕೊಂಡು ತೊಟ್ಟಿಯ ಎದುರು ಕೂತಳು. ಮೀನು ಯಾವಾಗ ಬೆಚ್ಚಿ ಓಡುತ್ತದೆ, ಆಗ ಮನೆಯಲ್ಲಿ ಏನಾಯಿತು ಎಂದು ಬರೆಯುತ್ತ ಹೋದಳು. ಮಧ್ಯಾಹ್ನದ ಹೊತ್ತಿಗೆ ಎರಡು ಹಾಳೆ ತುಂಬಿತು. ಬಾಗಿಲು ಧಡಾರೆಂದಿತು, ಮೀನು ಓಡಿತು. ಅತ್ತೆ ಟೀವಿ ಹಾಕಿದರು, ಓಡಿತು. ಗಂಡ ಬಂದು “ಊಟ ಆಯ್ತಾ?” ಎಂದ, ಎರಡೂ ಒಟ್ಟಿಗೆ ಗಾಜಿಗೆ ಡಿಕ್ಕಿ ಹೊಡೆದವು.

ಗಂಡನದೇನೂ ತಪ್ಪಿಲ್ಲ. ಅವನು ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ಕೂಗುವವನು. ಮೈಕು ಕೆಟ್ಟ ದಿನವೂ ಕೊನೆಯ ಪ್ಲಾಟ್‌ಫಾರ್ಮಿನವರೆಗೆ ಕೇಳಿಸುವ ಕಂಠ ಅದು. ಮನೆಯಲ್ಲಿ ಗುಟ್ಟು ಹೇಳಿದರೂ ಪಕ್ಕದ ಮನೆಯವರು ಅಭಿಪ್ರಾಯ ಕೊಡುತ್ತಿದ್ದರು. ಇನ್ನು ಅತ್ತೆಗೆ ಕಿವಿ ಮಂದ. ಟೀವಿಯ ಸದ್ದು ಗೋಡೆಗಳಿಗೆಲ್ಲ ಕೇಳಬೇಕು.

ಸಂಜೆ ಇಬ್ಬರನ್ನೂ ಕೂರಿಸಿ ಹಲ್ಲಕ್ಕ ನೋಟ್‌ಬುಕ್ ಓದಿದಳು. ಪ್ರಾಣಭಯವಾದರೆ ಈ ಮೀನು ಹೇಗೂ ಬೇರೆಯವರ ಪಾಲಾಗುವ ಮೊಟ್ಟೆಯೆಂದು ತಾನೇ ನುಂಗಿಬಿಡುತ್ತದೆ, ಇವು ಹೊಟ್ಟೆಬಾಕತನದಿಂದ ತಿಂದದ್ದಲ್ಲ, ನಮ್ಮ ಗಲಾಟೆಗೆ ತಿಂದದ್ದು ಎಂದಳು. ತೊಟ್ಟಿಯನ್ನು ತಮ್ಮ ಮಲಗುವ ಕೋಣೆಯ ಮೂಲೆಗೆ ಸಾಗಿಸಬೇಕು, ಮೂರು ಕಡೆಯ ಗಾಜಿಗೆ ಕಾಗದ ಅಂಟಿಸಬೇಕು, ಆ ಕೋಣೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಬಾರದು ಎಂದೂ ಹೇಳಿದಳು.

“ಮೀನಿಗೋಸ್ಕರ ನಾನು ನನ್ನ ಮನೇಲಿ ಪಿಸುಗುಟ್ಟಬೇಕಾ?” ಎಂದು ಗಂಡ ಕೇಳಿದ. ಕೇಳಿದ್ದೂ ಬೀದಿಗೆಲ್ಲ ಕೇಳಿಸಿತು.

“ಮರಿ ದೊಡ್ಡದಾಗೋವರ್ಗೂ,” ಎಂದಳು ಹಲ್ಲಕ್ಕ. “ಇದೊಂದನ್ನ ನಾನು ಮಾಡೇ ಮಾಡ್ತೀನಿ ರೀ.”

ಹೆಂಡತಿಯ ಮುಖ ನೋಡಿ ಅವನು ಎದ್ದು ಹೋಗಿ ಬಕೆಟ್ ತಂದ. ಇಬ್ಬರೂ ಸೇರಿ ಹದಿನೆಂಟು ಬಕೆಟ್ ನೀರು ಇಳಿಸಿ, ಖಾಲಿ ತೊಟ್ಟಿಯನ್ನು ಏದುಸಿರು ಬಿಡುತ್ತ ಹೊತ್ತು, ಅದೇ ನೀರನ್ನು ಮತ್ತೆ ತುಂಬಿಸುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಈ ಸೊಸೆಗೆ ಮೀನಿನ ಹುಚ್ಚು ಹಿಡಿದಿದೆ ಎಂದು ಅತ್ತೆ ಫೋನಿನಲ್ಲಿ ತಮ್ಮ ತಂಗಿಗೆ ಹೇಳುತ್ತಿದ್ದುದು ಇಬ್ಬರಿಗೂ ಕೇಳಿಸಿತು.

ಹತ್ತನೆಯ ದಿನ ಮೀನುಗಳು ಮತ್ತೆ ಎಲೆ ಉಜ್ಜತೊಡಗಿದವು. ಸಂಜೆಯ ಹೊತ್ತಿಗೆ ಮೊಟ್ಟೆ. ಮರುದಿನ ಬೆಳಗ್ಗೆ ಹಲ್ಲಕ್ಕ ದೀಪ ಹಾಕದೆ, ಕಿಟಕಿಯ ಬೆಳಕಿನಲ್ಲೇ ಬಗ್ಗಿ ನೋಡಿದಳು. ಮೊಟ್ಟೆ ಇದ್ದವು. ಅಲ್ಲೊಂದು ಇಲ್ಲೊಂದು ಬೆಳ್ಳಗಾಗಿ ಕೆಟ್ಟಿದ್ದನ್ನು ತಾಯಿಮೀನು ಹೆಕ್ಕಿ ತೆಗೆಯುತ್ತಿತ್ತು. ಗಂಡುಮೀನು ರೆಕ್ಕೆ ಬೀಸುತ್ತ ಕಾವಲು ನಿಂತಿತ್ತು.

ಮೂರನೆಯ ದಿನ ಮೊಟ್ಟೆ ಒಡೆದವು. ಮರಿ ಎನ್ನುವ ಹಾಗೇನೂ ಇರಲಿಲ್ಲ. ಎಲೆಗೆ ತಲೆ ಅಂಟಿಸಿಕೊಂಡು ಬಾಲ ಅಲ್ಲಾಡಿಸುವ ನೂಲಿನೆಳೆಗಳು. ನಾಲ್ಕನೆಯ ದಿನ ಹಲ್ಲಕ್ಕ ಸ್ನಾನಕ್ಕೆ ಹೋಗಿದ್ದಾಗ ಅತ್ತೆ ಬಂದು ಬಚ್ಚಲಿನ ಬಾಗಿಲು ಬಡಿದರು.

“ಬೇಗ ಬಾರೇ. ಬಾಯಿಗೆ ಹಾಕ್ಕೊಳ್ತಾ ಇದೆ ಅದು.”

ಒದ್ದೆ ತಲೆಯಲ್ಲೇ ಓಡಿಬಂದಳು. ನಿಜ, ಗಂಡುಮೀನು ಎಲೆಯಿಂದ ಒಂದೊಂದೇ ಮರಿಯನ್ನು ಬಾಯಿಗೆಳೆದುಕೊಳ್ಳುತ್ತಿತ್ತು. ಹಲ್ಲಕ್ಕ ಬಲೆಯನ್ನು ಕೈಗೆತ್ತಿಕೊಂಡೂ ಆಯಿತು. ಉಳಿದಷ್ಟು ಮರಿಗಳನ್ನು ಬೇರೆ ಮಾಡಿದರೆ ಒಂದಿಷ್ಟಾದರೂ ಬದುಕುತ್ತವೆ. ಆದರೆ ಬಲೆ ಒಳಗಿಟ್ಟರೆ ಇದುವರೆಗೆ ಕಟ್ಟಿದ್ದೆಲ್ಲ ಮುರಿಯುತ್ತದೆ. ಅವಳು ಬಲೆಯನ್ನು ಹಿಂದಕ್ಕೆಳೆದುಕೊಂಡಳು. ಮೀನು ಕೆನ್ನೆ ಉಬ್ಬಿಸಿಕೊಂಡು ಮೆಲ್ಲಗೆ ತೊಟ್ಟಿಯ ಆ ತುದಿಗೆ ಈಜಿತು. ಅಲ್ಲಿದ್ದ ಇನ್ನೊಂದು ಎಲೆಯ ಹತ್ತಿರ ಹೋಗಿ ಫುಸ್ಸೆಂದು ಉಗಿಯಿತು. ಮರಿಗಳು ಒಂದೊಂದಾಗಿ ಆ ಎಲೆಗೆ ಅಂಟಿಕೊಂಡವು. ಮೀನು ಮತ್ತೆ ಹಿಂದಿರುಗಿ ಇನ್ನೊಂದು ಬಾಯಿ ಮರಿ ತುಂಬಿಕೊಂಡಿತು.

“ಮನೆ ಬದಲಾಯಿಸ್ತಾ ಇದೆ ಅತ್ತೆ,” ಎಂದಳು ಹಲ್ಲಕ್ಕ. ಬಲೆಯನ್ನು ಮೆಲ್ಲಗೆ ಕೆಳಗಿಟ್ಟಳು.

ಅತ್ತೆ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅಡುಗೆಮನೆಗೆ ಹೋದರು. ಅವತ್ತಿಡೀ ದಿನ ಟೀವಿ ಹಾಕಲಿಲ್ಲ.

ವಾರ ತುಂಬುವಾಗ ಮರಿಗಳು ಎಲೆ ಬಿಟ್ಟು ಈಜತೊಡಗಿದವು. ತಾಯಿಯ ಸುತ್ತ ಧೂಳಿನ ಮೋಡದಂತೆ ತೇಲುವ ಅವಕ್ಕೆ ಈಗ ಊಟ ಬೇಕು. ಅದೂ ಜೀವಂತ ಊಟ. ಹಲ್ಲಕ್ಕ ಬಾಟಲಿಯಲ್ಲಿ ಉಪ್ಪುನೀರು ಮಾಡಿ, ಗಾಳಿಯ ಕೊಳವೆ ಬಿಟ್ಟು, ಪುಡಿಯಂಥ ಸೀಗಡಿ ಮೊಟ್ಟೆಗಳನ್ನು ಹಾಕಿಟ್ಟಳು. ಒಂದು ದಿನದಲ್ಲಿ ಅವು ಒಡೆದು ಕಿತ್ತಳೆ ಬಣ್ಣದ ಚುಕ್ಕೆಗಳಾದವು. ಅವನ್ನು ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು, ಡ್ರಾಪರಿನಿಂದ ಮರಿಗಳ ನಡುವೆ ಬಿಡುವುದು. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ಮರಿಗಳ ಹೊಟ್ಟೆ ಕಿತ್ತಳೆಯಾಗಿ ಹೊಳೆದರೆ ಊಟ ಮುಟ್ಟಿತೆಂದು ಅರ್ಥ. ಪ್ರತಿದಿನ ತಳದ ಕೊಳೆಯನ್ನು ಸಣ್ಣ ಕೊಳವೆಯಲ್ಲಿ ಹೀರಿ ತೆಗೆದು, ಹಿಂದಿನ ದಿನವೇ ಹಿಡಿದಿಟ್ಟ ನೀರನ್ನು ಹನಿಹನಿಯಾಗಿ ಬಿಡಬೇಕು.

ಮಧ್ಯಾಹ್ನದ ಊಟಕ್ಕೆ ಯಾರು? ಅವಳು ಲ್ಯಾಬಿನಲ್ಲಿ, ಗಂಡ ಬಸ್ ನಿಲ್ದಾಣದಲ್ಲಿ. ತಮ್ಮ ಕೈ ನಡುಗುತ್ತದೆ, ತಮ್ಮಿಂದ ಸಾಧ್ಯವಿಲ್ಲ ಎಂದು ಅತ್ತೆ ಮೊದಲೇ ಹೇಳಿಬಿಟ್ಟರು. ಹಲ್ಲಕ್ಕ ಒತ್ತಾಯ ಮಾಡಲಿಲ್ಲ. ಲ್ಯಾಬಿನಿಂದ ಮನೆಗೆ ಹದಿನೈದು ನಿಮಿಷದ ದಾರಿ. ಊಟದ ಬಿಡುವಿನಲ್ಲಿ ತಾನೇ ಬಂದು ಹೋಗುವುದೆಂದು ನಿರ್ಧರಿಸಿದಳು. ತನ್ನ ಊಟವನ್ನು ದಾರಿಯಲ್ಲೇ ನಡೆಯುತ್ತ ಮುಗಿಸಿದಳು. ಹೀಗೆ ಹನ್ನೊಂದು ದಿನ.

ಹನ್ನೆರಡನೆಯ ದಿನ ಮೂಳೆ ಕೊರೆಯುವ ಚಳಿ. ಊಟದ ಬಿಡುವಿಗೆ ಬೀದಿಯ ತಿರುವಿಗೆ ಬಂದವಳಿಗೆ ಕಂಬದ ಮೇಲೆ ಹತ್ತಿದ್ದ ಕೆಲಸಗಾರರು ಕಂಡರು. ಕರೆಂಟು ಬೆಳಗ್ಗೆ ಎಂಟಕ್ಕೇ ಹೋಗಿದೆ, ಸಂಜೆಯವರೆಗೂ ಬರುವುದಿಲ್ಲ ಎಂದರು. ಕರೆಂಟಿಲ್ಲ ಎಂದರೆ ಹೀಟರಿಲ್ಲ, ಗಾಳಿಯ ಪಂಪಿಲ್ಲ. ನಾಲ್ಕೂವರೆ ಗಂಟೆಯ ಚಳಿ ಆ ನೂಲಿನೆಳೆಗಳು ಸಾಯಲು ಧಾರಾಳ ಸಾಕು.

ಓಡುತ್ತ ಮನೆ ಸೇರಿದಳು. ಕೋಣೆಯ ಬಾಗಿಲು ತೆರೆದರೆ ತೊಟ್ಟಿಗೆ ಎರಡು ಕಂಬಳಿ ಸುತ್ತಿತ್ತು. ನೀರಿನ ಮೇಲೆ ಬಿಸಿನೀರು ತುಂಬಿದ ಮೂರು ಬಾಟಲಿಗಳು ತೇಲುತ್ತಿದ್ದವು. ಅತ್ತೆ ಸ್ಟೂಲಿನ ಮೇಲೆ ಕೂತು, ಒಂದು ಮೂಲೆಯಲ್ಲಿ ತೆಳು ಬಟ್ಟೆ ಹಿಡಿದು, ಲೋಟದಲ್ಲಿ ನೀರೆತ್ತಿ ಆ ಬಟ್ಟೆಯ ಮೇಲೆ ಸುರಿಯುತ್ತಿದ್ದರು. ಎತ್ತುವುದು, ಸುರಿಯುವುದು. ಸೆರಗು, ಮೊಣಕೈ ಎಲ್ಲ ನೆಂದಿದ್ದವು.

“ಯಾವಾಗಿಂದ ಅತ್ತೆ?”

“ಕರೆಂಟ್ ಹೋದಾಗಿಂದ. ಗುಳ್ಳೆ ನಿಂತೋಯ್ತಲ್ಲ, ಉಸಿರು ಕಟ್ಟುತ್ತೇನೋ ಅಂತ. ಬಟ್ಟೆ ಇಲ್ದೆ ಸುರಿದ್ರೆ ಮರಿ ಚೆಲ್ಲಾಪಿಲ್ಲಿ ಆಗ್ತಿದ್ವು.” ಅವರು ಕೈ ನಿಲ್ಲಿಸದೆ ಹೇಳಿದರು. “ನಿಂಗೆ ಫೋನ್ ಮಾಡ್ದೆ, ಎತ್ತಲಿಲ್ಲ. ಮೊದ್ಲು ಆ ಬಾಟ್ಲಿ ಬದಲಾಯಿಸು, ತಣ್ಣಗಾಗಿದೆ.”

ಲ್ಯಾಬಿನಲ್ಲಿ ಫೋನನ್ನು ಚೀಲದೊಳಗಿಡಬೇಕೆಂಬ ಕಟ್ಟಳೆ ಇತ್ತು. ಹಲ್ಲಕ್ಕ ಥರ್ಮಾಮೀಟರ್ ನೋಡಿದಳು. ಇಪ್ಪತ್ತೈದು ಇತ್ತು, ಇಪ್ಪತ್ತೆಂಟಿರಬೇಕಿತ್ತು, ಆದರೂ ಎಲ್ಲವೂ ಸಾಯುವಷ್ಟು ಇಳಿದಿರಲಿಲ್ಲ. ಗ್ಯಾಸಿನ ಮೇಲೆ ನೀರಿಟ್ಟು, ಲ್ಯಾಬಿನ ಮಾಲೀಕರಿಗೆ ಫೋನ್ ಮಾಡಿ ಮಧ್ಯಾಹ್ನ ಬರುವುದಿಲ್ಲವೆಂದಳು. ಡಬ್ಬಿಗಳು ಕಾಯುತ್ತಿವೆ ಎಂದರು ಅವರು. ಡಬ್ಬಿಗಳು ನಾಳೆವರೆಗೆ ಕಾಯಬಲ್ಲವು, ಇಲ್ಲಿರುವ ಜೀವಗಳು ಕಾಯಲಾರವು ಎಂದು ಹೇಳಿ ಫೋನಿಟ್ಟಳು. ಅವರಿಗೆ ಅವಳು ಹಾಗೆ ಉತ್ತರ ಕೊಟ್ಟದ್ದು ಹತ್ತೊಂಬತ್ತು ವರ್ಷಗಳಲ್ಲಿ ಅದೇ ಮೊದಲು.

ಸಂಜೆ ಐದೂವರೆಯವರೆಗೆ ಅತ್ತೆ ಸೊಸೆ ಸರದಿಯ ಮೇಲೆ ನೀರೆತ್ತಿದರು. ಒಬ್ಬರು ಸುರಿದರೆ ಇನ್ನೊಬ್ಬರು ಬಾಟಲಿ ಕಾಯಿಸಿದರು. ನಡುವೆ ಅತ್ತೆ ತಮ್ಮ ಕಥೆ ಹೇಳಿದರು: ಮಗ ಏಳು ತಿಂಗಳಿಗೇ ಹುಟ್ಟಿದ್ದು, ಅಂಗೈಯಷ್ಟಿದ್ದ ಅವನನ್ನು ಹೀಗೇ ಬಿಸಿನೀರಿನ ಬಾಟಲಿಗಳ ನಡುವೆ ಮಲಗಿಸಿ ನಲವತ್ತು ದಿನ ಕಾದದ್ದು, ಅಳಲೂ ಶಕ್ತಿಯಿಲ್ಲದ ಮಗು ಒಂದು ಬಾರಿ ಗಟ್ಟಿಯಾಗಿ ಕಿರುಚಲಿ ಎಂದು ಹಂಬಲಿಸಿದ್ದು. ಮದುವೆಯಾಗಿ ಇಷ್ಟು ವರ್ಷವಾದರೂ ಹಲ್ಲಕ್ಕನಿಗೆ ಅದು ಗೊತ್ತಿರಲಿಲ್ಲ. ಬಸ್ ನಿಲ್ದಾಣದ ಕಂಠವನ್ನು ನೆನೆದು ಇಬ್ಬರಿಗೂ ನಗು ಬಂತು, ಸದ್ದಾಗದಂತೆ ನಕ್ಕರು.

ಕರೆಂಟು ಬಂದು ಗುಳ್ಳೆ ಎದ್ದಾಗ ಅತ್ತೆ ಲೋಟ ಕೆಳಗಿಟ್ಟು, ಮರಗಟ್ಟಿದ ಬೆರಳುಗಳನ್ನು ಮಡಿಸಿ ಬಿಡಿಸಿದರು. ಸತ್ತ ಮರಿಗಳನ್ನು ಹಲ್ಲಕ್ಕ ಕೊಳವೆಯಲ್ಲಿ ಹೀರಿ ತೆಗೆದಳು. ಮೂವತ್ತಕ್ಕಿಂತ ಹೆಚ್ಚಿದ್ದವು. ಅವಳಿಗೆ ದುಃಖವಾಯಿತು, ಆದರೆ ಕೈ ನಿಲ್ಲಿಸಲಿಲ್ಲ. ಉಳಿದವಕ್ಕೆ ಸಂಜೆಯ ಊಟ ಕೊಡಬೇಕಿತ್ತು. ಮರುದಿನದಿಂದ ಮಧ್ಯಾಹ್ನದ ಡ್ರಾಪರು ಅತ್ತೆಯ ಕೈಗೆ ಹೋಯಿತು. ಕೈ ನಡುಗುವುದರಿಂದ ಸೀಗಡಿಗಳು ಚೆನ್ನಾಗಿ ಹರಡಿ ಬೀಳುತ್ತವೆ ಎಂದು ಅವರೇ ಹೇಳಿಕೊಳ್ಳತೊಡಗಿದರು.

ಆ ವಾರವೇ ಹಲ್ಲಕ್ಕ ಮಾಲೀಕರ ಕೋಣೆಗೆ ಹೋಗಿ ನಿಂತಳು. ಯಂತ್ರದ ಕೆಲಸ ತಾನೂ ಕಲಿಯಬೇಕು ಎಂದಳು. ಈ ವಯಸ್ಸಿನಲ್ಲಿ ಕಂಪ್ಯೂಟರ್ ಕಷ್ಟ ಎಂದು ಅವರು ಮೆಲ್ಲಗೆ ಜಾರಿಕೊಳ್ಳಲು ನೋಡಿದರು.

“ಒಂದು ತಿಂಗಳು ಕೊಡಿ ಸರ್. ಹಲ್ಲು ಹೇಗೆ ಕೂರ್ಬೇಕು ಅಂತ ನನಗೆ ಗೊತ್ತು. ಆ ಯಂತ್ರಕ್ಕೆ ಅದನ್ನ ಹೇಳೋದೊಂದು ಕಲೀಬೇಕು. ಆಗ್ಲಿಲ್ಲ ಅಂದ್ರೆ ನಾನೇ ಎದ್ದು ಪ್ಯಾಕಿಂಗ್‌ಗೆ ಹೋಗ್ತೀನಿ.”

ಮಾಲೀಕರು ಒಪ್ಪಿದರು, ಅರ್ಧ ಮನಸ್ಸಿನಿಂದ. ಅವಳು ಪರದೆಯ ಮೇಲೆ ಮಾಡಿದ ಮೊದಲ ಸೆಟ್ಟಿನಲ್ಲಿ ಮೇಲಿನ ಹಲ್ಲು ಕೆಳಗಿನದಕ್ಕೆ ಮುಟ್ಟಲೇ ಇಲ್ಲ. ಪಕ್ಕದಲ್ಲಿ ಕೂತ ಹುಡುಗಿ ತುಟಿ ಕಚ್ಚಿ ನಗು ತಡೆದಳು. ಹಲ್ಲಕ್ಕ ಅದನ್ನು ಅಳಿಸಿ ಮತ್ತೆ ಮಾಡಿದಳು. ಮತ್ತೆ ಅಳಿಸಿದಳು. ನಾಲ್ಕನೆಯದು ಡಬ್ಬಿಗೆ ಹೋಯಿತು. ಆರನೆಯದನ್ನು ಮಾಲೀಕರು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಆ ಹುಡುಗಿಯನ್ನು ಕರೆದು, ಮುಂಭಾಗದ ಹಲ್ಲು ಓರೆ ಮಾಡುವುದನ್ನು ಇವರಿಂದ ಕಲಿ ಎಂದರು.

ಎರಡು ತಿಂಗಳಾಗುವಾಗ ಮರಿಗಳಿಗೆ ಉದ್ದ ರೆಕ್ಕೆ ಬಂದು ಅಪ್ಪ ಅಮ್ಮನ ಆಕಾರ ಮೂಡಿತ್ತು. ಒಂದು ರಜಾದಿನ ಬೆಳಗ್ಗೆ ಅಪ್ಪ ಅಮ್ಮನೇ ಅವನ್ನು ಅಟ್ಟಾಡಿಸಿ ಮೂಲೆಗೆ ಒತ್ತುತ್ತಿದ್ದವು. ಎಲೆಯ ಮೇಲೆ ಹೊಸ ಮೊಟ್ಟೆಗಳಿದ್ದವು. ಇನ್ನು ಇವನ್ನು ಬೇರೆ ಮಾಡಬೇಕು. ಬಲೆಯಲ್ಲಿ ಹಿಡಿದರೆ ರೆಕ್ಕೆ ಹರಿಯುತ್ತದೆಂದು ಹಲ್ಲಕ್ಕ ಗಾಜಿನ ಬಟ್ಟಲು ತಂದಳು. ಗಂಡ ಇನ್ನೊಂದು ತೊಟ್ಟಿಗೆ ನೀರು ಹೊತ್ತು ತುಂಬಿಸಿದ. ಬಟ್ಟಲನ್ನು ನೀರೊಳಗಿಟ್ಟು, ಮರಿ ತಾನಾಗಿ ಒಳಗೆ ಬರುವವರೆಗೆ ಕಾದು, ಮೆಲ್ಲಗೆ ಎತ್ತಿ ಒಯ್ಯುವುದು. ಬಾಗಿಲ ಬಳಿ ಕೂತ ಅತ್ತೆ ಎಣಿಸಿದರು. ಮೀನಿನಂಗಡಿಯವನೂ ಮಧ್ಯಾಹ್ನ ಬಂದ. ಕಣ್ಣಾರೆ ನೋಡದೆ ನಂಬುವುದಿಲ್ಲ ಎಂದು ಫೋನಿನಲ್ಲಿ ಹೇಳಿದ್ದವನು ಈಗ ಚಪ್ಪಲಿ ಬಿಟ್ಟು, ತುದಿಗಾಲಲ್ಲಿ ಒಳಗೆ ಬಂದು, ಎರಡೂ ತೊಟ್ಟಿಗೆ ಬಗ್ಗಿ ನೋಡಿದ. ಈ ಮರಿಗಳನ್ನು ತನ್ನ ಅಂಗಡಿಗೆ ಕೊಡುವಿರಾ, ಮರಿ ಸಾಕಬಲ್ಲ ವಂಶ ಎಂದು ಹೇಳಿ ಬೇರೆಯಾಗಿಯೇ ಇಡುತ್ತೇನೆ ಎಂದು ಕೇಳಿದ.

“ಅರ್ಧ ಕೊಡ್ತೀನಿ,” ಎಂದಳು ಹಲ್ಲಕ್ಕ, ಕಣ್ಣು ಬಟ್ಟಲಿನಿಂದ ತೆಗೆಯದೆ. “ಆ ಕಡೆ ಸರ್ಕೊಳ್ಳಿ, ನೆರಳು ಬೀಳ್ತಿದೆ.”

ಕೊನೆಗೆ ಉಳಿದ ಅರವತ್ತೊಂದನೆಯ ಮರಿ ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಚುರುಕು. ಮೂರು ಸಲ ಬಟ್ಟಲಿನ ಬಾಯಿಯವರೆಗೆ ಬಂದು ಹಿಂದಿರುಗಿತು. ಹಲ್ಲಕ್ಕ ಮೊಣಕೈವರೆಗೆ ನೀರಲ್ಲಿ ಕೈ ಇಟ್ಟುಕೊಂಡು ಕಾಯುತ್ತ ನಿಂತಳು. ಬಿಸಿಲು ಕಿಟಕಿಯಿಂದ ಗೋಡೆಗೆ ಸರಿಯಿತು. ನಾಲ್ಕನೆಯ ಸಲ ಮರಿ ಒಳಗೆ ಬಂತು. ಅವಳು ಬಟ್ಟಲೆತ್ತಿದಳು.