ಪೊದೆ ಕಡಿದು ಗಿಡ ನೆಟ್ಟದ್ದು

ಜೇನುಹುಳ ಮನೆ ಬಿಟ್ಟು ಹೋಗುವಾಗ ಯಾರಿಗೂ ಹೇಳುವುದಿಲ್ಲ. ನಿನ್ನೆಯವರೆಗೂ ಗುಂಯ್‌ಗುಡುತ್ತಿದ್ದ ಪೆಟ್ಟಿಗೆ ಬೆಳಗ್ಗೆ ಎದ್ದು ನೋಡಿದರೆ ಸುಮ್ಮನೆ ಕೂತಿರುತ್ತದೆ. ಮುಚ್ಚಳ ಎತ್ತಿದರೆ ಒಣಗಿದ ಮೇಣ, ಮೂಲೆಯಲ್ಲಿ ಸತ್ತುಬಿದ್ದ ಒಂದಷ್ಟು ಹುಳ, ಅವನ್ನು ಎಳೆದುಕೊಂಡು ಹೋಗುವ ಇರುವೆ ಸಾಲು.

ಊರಂಚಿನ ಮನೆಯ ಹಿತ್ತಲಿನಲ್ಲಿ ಆ ದಿನ ಮತ್ತೊಂದು ಪೆಟ್ಟಿಗೆ ಹೀಗೆ ಖಾಲಿಯಾಗಿತ್ತು. ಜೇನು ಸಾಕುವ ತಮ್ಮ ಮುಚ್ಚಳ ಹಿಡಿದುಕೊಂಡು ನಿಂತೇ ಇದ್ದ. ಆಫೀಸಿಗೆ ಹೊರಟ ಅಕ್ಕ ಚಪ್ಪಲಿ ಮೆಟ್ಟುತ್ತಾ ಇಣುಕಿದಳು.

“ಇದೂ ಹೋಯ್ತಾ?”

“ಹೂಂ.”

“ಏನೋ ರೋಗ ಬಂದಿರಬೇಕು ಕಣೋ. ಔಷಧಿ ಗಿಷಧಿ ತಂದು ಹಾಕು.”

“ರೋಗ ಅಲ್ಲ ಅಕ್ಕ. ಹೊಟ್ಟೆಗಿಲ್ಲ ಅವಕ್ಕೆ.”

ಅಷ್ಟು ಹೇಳಿ ಅವನು ಬೇಲಿಯಾಚೆಯ ಗುಡ್ಡದ ಕಡೆ ನೋಡಿದ. ಅಕ್ಕ ನೋಡಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಬಿರಬಿರನೆ ನಡೆದಳು.

ನೋಡದೆ ಇರುವುದಕ್ಕೆ ಕಾರಣವಿತ್ತು. ಅಕ್ಕ ಕೆಲಸ ಮಾಡುವುದು ಬಣ್ಣ ತಯಾರಿಸುವ ಕಂಪನಿಯ ಆಫೀಸಿನಲ್ಲಿ. ಆ ಕಂಪನಿಗೆ ವರ್ಷಕ್ಕೊಮ್ಮೆ, ತನ್ನ ಹುಟ್ಟಿದ ದಿನದಂದು, ಭೂಮಿಯ ಮೇಲೆ ಪ್ರೀತಿ ಉಕ್ಕುತ್ತದೆ. ಕೆಲವು ವರ್ಷದ ಹಿಂದೆ, ಗಿಡ ನೆಡಲು ಜಾಗ ಯಾರಿಗಾದರೂ ಗೊತ್ತೇ ಎಂದು ಮ್ಯಾನೇಜರ್ ಕೇಳಿದಾಗ ಮೊದಲು ಎದ್ದು ನಿಂತವಳು ಇವಳೇ. “ನಮ್ಮನೆ ಹಿಂದೆ ಗುಡ್ಡ ಇದೆ ಸರ್. ಬರೀ ಮುಳ್ಳು, ಪೊದೆ. ಪಾಳು ಬಿದ್ದಿದೆ” ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಗಿಡ ನೆಡುವ ಹಿಂದಿನ ದಿನವೇ ಜೆಸಿಬಿ ಬಂದು ಅರ್ಧ ಗುಡ್ಡವನ್ನು ಬೋಳಿಸಿ ಗುಂಡಿ ತೋಡಿಟ್ಟು ಹೋಯಿತು. ಮರುದಿನ ಹಸಿರು ಟೀ ಶರ್ಟು ತೊಟ್ಟ ಸಿಬ್ಬಂದಿ ಬಸ್ಸಿನಿಂದ ಇಳಿದರು. ಒಬ್ಬೊಬ್ಬರೂ ಒಂದೊಂದು ಸಸಿ ಇಟ್ಟು, ಮಣ್ಣು ಮೆಟ್ಟಿ, ಫೋಟೋ ತೆಗೆಸಿಕೊಂಡರು. ಪ್ಲಾಸ್ಟಿಕ್ ಚೀಲ ಬಿಚ್ಚಿದರೆ ಮಣ್ಣು ಉದುರಿ ಸಸಿ ವಾಲುತ್ತದೆ, ಚೀಲದ ಸಮೇತ ಇಟ್ಟರೆ ಫೋಟೋದಲ್ಲಿ ನೆಟ್ಟಗೆ ಕಾಣುತ್ತದೆ ಎಂದು ಯಾರೋ ಜಾಣರು ಕಂಡುಹಿಡಿದರು. ಆಮೇಲೆ ಸಾಲಿಗೆ ಸಾಲೇ ಚೀಲದ ಸಮೇತ ಮಣ್ಣು ಸೇರಿತು. ನೆತ್ತಿ ಸುಡುವ ಬೇಸಿಗೆ ಬೇರೆ. ಕಂಪನಿ ಹುಟ್ಟಿದ್ದೇ ಬೇಸಿಗೆಯಲ್ಲಿ, ಏನು ಮಾಡುವುದು? ಊಟದ ಪೊಟ್ಟಣ ಮುಗಿಸಿ ಎಲ್ಲರೂ ಬಸ್ಸು ಹತ್ತಿದರು. ಮತ್ತೆ ಆ ಕಡೆ ಒಬ್ಬರೂ ಬರಲಿಲ್ಲ.

ಮುಕ್ಕಾಲು ಪಾಲು ಸಸಿ ಒಣಗಿದವು. ಉಳಿದವು ಸರಸರನೆ ಬೆಳೆದವು. ಎಲ್ಲಿಂದಲೋ ತಂದ ಜಾತಿ, ಆಡು ಕೂಡ ಮೂಸಿ ನೋಡುವುದಿಲ್ಲ. ಈ ವರ್ಷ ಗುಡ್ಡದ ಇನ್ನರ್ಧಕ್ಕೂ ಇದೇ ಯೋಗ ಬಂದಿತ್ತು. ಸ್ವಯಂಸೇವಕರ ತಂಡಕ್ಕೆ ಅಕ್ಕನೇ ಮುಖ್ಯಸ್ಥೆ. ಶನಿವಾರ ಜೆಸಿಬಿ ಬರುವುದಿತ್ತು. ತಮ್ಮನಿಗೆ ಅವಳು ಇನ್ನೂ ಹೇಳಿರಲಿಲ್ಲ.

ಅಂದು ಸಂಜೆ ಪಕ್ಕದ ಬೀದಿಯ ಟೀಚರಮ್ಮ ಜೇನುತುಪ್ಪ ಕೇಳಿಕೊಂಡು ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವರು, ಅಕ್ಕನಿಗೆ ಬೇಕಾದವರು.

“ತುಪ್ಪ ಎಲ್ಲಿಂದ ಬರಬೇಕು ಟೀಚರಮ್ಮ, ಹುಳಾನೇ ನಿಲ್ತಾ ಇಲ್ಲ” ಎಂದಳು ಅಕ್ಕ. ಮಾತಿಗೆ ಮಾತು ಬಂದು ಶನಿವಾರದ ಸುದ್ದಿಯೂ ಹೊರಬಿತ್ತು.

ಟೀಚರಮ್ಮನ ಮುಖ ಸಪ್ಪಗಾಯಿತು. “ಅದನ್ನೂ ಕಡೀತೀರಾ?”

“ಕಡಿಯೋದೇನು ಬಂತು? ಕ್ಲೀನ್ ಮಾಡ್ತೀವಿ. ಗಿಡ ನೆಡೋದೂ ತಪ್ಪು ಅಂದ್ರೆ ಇನ್ನು ಒಳ್ಳೆ ಕೆಲಸ ಅಂತ ಯಾವುದನ್ನ ಮಾಡೋದು?”

“ಬಾ, ಹತ್ತು ನಿಮಿಷ ನನ್ನ ಜೊತೆ” ಎಂದು ಟೀಚರಮ್ಮ ಬೇಲಿ ದಾಟಿಸಿ ಕರೆದುಕೊಂಡು ಹೋದರು.

ನೆಟ್ಟ ಕಡೆ ಮರದ ಬುಡದಲ್ಲಿ ಒರಟು ಎಲೆ ಬಿದ್ದು ನೆಲ ಮುಚ್ಚಿತ್ತು. ಒಂದು ಹುಲ್ಲುಕಡ್ಡಿ ಇಲ್ಲ, ಒಂದು ಹಕ್ಕಿಯ ಸದ್ದಿಲ್ಲ. ಪೊದೆ ಉಳಿದ ಕಡೆ ಕಾಲಿಡಲು ಜಾಗವಿರಲಿಲ್ಲ. ಮುಳ್ಳಿನ ನಡುವೆ ಸಾಸಿವೆ ಕಾಳಿನಷ್ಟು ಬಿಳಿ ಹೂವು. ಒಂದೊಂದು ಗೊಂಚಲಿಗೂ ಜೇನುಹುಳ ಮುತ್ತಿತ್ತು.

“ಇವು ನಿನ್ನ ತಮ್ಮನ ಹುಳಾನೇ ಇರಬೇಕು” ಎಂದರು ಟೀಚರಮ್ಮ. “ಹೊಲದಲ್ಲಿ ಬೆಳೆ ಇದ್ದಾಗ ಇವಕ್ಕೆ ಚಿಂತೆ ಇಲ್ಲ. ಬೇಸಿಗೇಲಿ ಎಲ್ಲ ಒಣಗಿದಾಗ ಈ ಪೊದೆ ಬಿಟ್ರೆ ಬೇರೆ ಗತಿ ಇಲ್ಲ. ಈ ಮಣ್ಣಲ್ಲೇ ಹುಟ್ಟಿದ ಗಿಡಕ್ಕೆ ಯಾವಾಗ ಹೂ ಬಿಡಬೇಕು ಅಂತ ಗೊತ್ತು, ಹುಳಕ್ಕೂ ಗೊತ್ತು. ಗಿಡ ನೆಡೋದು ತಪ್ಪಲ್ಲಮ್ಮ. ಇದ್ದಿದ್ದನ್ನ ಕಡಿದು ನೆಟ್ರಲ್ಲ, ಅದು ತಪ್ಪು.”

“ನಮಗೆ ಯಾರೂ ಹೇಳಲಿಲ್ಲ.”

“ನೀವೂ ಯಾರನ್ನೂ ಕೇಳಲಿಲ್ಲ.”

ಅಕ್ಕ ಮತ್ತೆ ಆ ಹೂಗೊಂಚಲಿನ ಕಡೆ ನೋಡಿದಳು. ತಾನು ಪಾಳು ಎಂದು ತೋರಿಸಿದ್ದು ತಮ್ಮನ ಅನ್ನದ ತಟ್ಟೆಯನ್ನು.

ಊಟಕ್ಕೆ ಕೂತಾಗ ಹೇಳಿಬಿಟ್ಟಳು. “ಶನಿವಾರ ಉಳಿದಿದ್ದನ್ನೂ ಕಡೀತಾರೆ. ಮೊದಲ ಸಲಾನೂ ಜಾಗ ತೋರಿಸಿದ್ದು ನಾನೇ.”

“ಗೊತ್ತು” ಎಂದ ತಮ್ಮ.

“ಯಾವಾಗಿಂದ?”

“ಮೊದಲಿಂದಾನೂ. ಬ್ಯಾನರ್ ಪಕ್ಕ ನಿಂತಿರೋ ನಿನ್ನ ಫೋಟೋನ ಅಮ್ಮ ಬೀದಿಯೋರಿಗೆಲ್ಲ ತೋರಿಸಿಕೊಂಡು ಬಂದಳು. ನಾನು ಏನಂತ ಹೇಳ್ಲಿ?” ಅನ್ನ ಕಲಸುತ್ತಲೇ ಮಾತು ಮುಂದುವರಿಸಿದ. “ಗೋದಾಮಲ್ಲಿ ಮೂಟೆ ಎತ್ತೋ ಕೆಲಸ ಇದೆಯಂತೆ. ಬರ್ತೀನಿ ಅಂದಿದೀನಿ.”

ಅಕ್ಕ ಅರ್ಧ ಊಟಕ್ಕೇ ಎದ್ದಳು.

ಮರುದಿನ ಅವಳು ಮ್ಯಾನೇಜರ್ ಎದುರು ನಿಂತಳು. ಅವರು ನಕ್ಕುಬಿಟ್ಟರು. “ಟೀ ಶರ್ಟು ಪ್ರಿಂಟಾಗಿ ಬಂದಿದೆಯಮ್ಮ. ಈಗ ಮುಳ್ಳಿನ ಪೊದೆ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಿ ಅಂತೀಯಾ?”

“ಒಂದು ಸಲ ಬಂದು ನೋಡಿ ಸರ್. ಆಮೇಲೂ ಕಡೀಲೇಬೇಕು ಅಂದ್ರೆ ತಂಡದಿಂದ ನನ್ನನ್ನ ತೆಗೀರಿ. ನಾನು ಬರಲ್ಲ.”

ಮ್ಯಾನೇಜರ್ ಗೊಣಗುತ್ತಲೇ ಬಂದರು. ಶೂಗೆ ಮುಳ್ಳು ತಾಗದಂತೆ ಹೆಜ್ಜೆ ಎತ್ತಿಡುತ್ತಾ ಹಳೆಯ ಸಾಲಿನ ಹತ್ತಿರ ಹೋದರು. ಒಣಗಿದ ಕಡ್ಡಿಯೊಂದನ್ನು ಹಿಡಿದು ಎಳೆದರು. ಹಿಡಿದ ಕೈಗೇ ಬಂತು, ಚೀಲದ ಸಮೇತ. ಹೊರಗೆ ಬರಲು ದಾರಿ ಸಿಗದೆ ಬೇರು ಚೀಲದೊಳಗೇ ಸುತ್ತಿ ಸುತ್ತಿ ಸತ್ತಿತ್ತು. ಇನ್ನೊಂದನ್ನು ಎಳೆದರು. ಅದೂ ಹಾಗೆಯೇ. ಕೈಯ ಮಣ್ಣು ಕೊಡವಿಕೊಂಡರು. “ಜೆಸಿಬಿ ಬೇಡ ಅಂತ ಫೋನ್ ಮಾಡು” ಎಂದಷ್ಟೇ ಹೇಳಿ ಕಾರು ಹತ್ತಿದರು.

ಭಾನುವಾರ ಸಿಬ್ಬಂದಿ ಬಂದರು. ಸಸಿ ತರಲಿಲ್ಲ. ಮಣ್ಣಿನಿಂದ ಪ್ಲಾಸ್ಟಿಕ್ ಹೆಕ್ಕಿದರು, ಉಳಿದ ಪೊದೆಗೆ ಬೇಲಿ ಕಟ್ಟಿದರು, ಟೀಚರಮ್ಮ ತೋರಿಸಿದ ಗಿಡಗಳಿಂದ ಬೀಜ ಆರಿಸಿದರು. ಬೋಳಾದ ಕಡೆ ಮಳೆ ಬಿದ್ದ ಮೇಲೆ ಆ ಬೀಜ ಬಿತ್ತುವುದು, ಮೂರು ಬೇಸಿಗೆ ಸರದಿಯ ಮೇಲೆ ಬಂದು ನೀರು ಹಾಕುವುದು ಎಂದು ಮಾತಾಯಿತು. ಕೈಯೆಲ್ಲ ಗೀರಿಸಿಕೊಂಡು ಹೋದರು. ಫೋಟೋ ಯಾವುದೂ ಚೆನ್ನಾಗಿ ಬರಲಿಲ್ಲ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅರ್ಧ ಗುಡ್ಡದ ಹೂವು ಅಷ್ಟೂ ಪೆಟ್ಟಿಗೆಗೆ ಸಾಲಲಿಲ್ಲ. ಮಳೆ ಬರುವಷ್ಟರಲ್ಲಿ ಹಿತ್ತಲಿನಲ್ಲಿ ಉಳಿದದ್ದು ಒಂದೇ ಒಂದು. ತಮ್ಮ ಈಗ ಗೋದಾಮಿಗೆ ಹೋಗುತ್ತಾನೆ. ಭಾನುವಾರ ಅಕ್ಕ ಬೀಜ ಬಿತ್ತುವಾಗ ಅವನೂ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಾನೆ.

“ಇದು ಹೂ ಬಿಟ್ಟ ಮೇಲೆ ಮತ್ತೆ ಅಷ್ಟೂ ಪೆಟ್ಟಿಗೆ ಇಡ್ತೀಯೇನೋ?” ಎಂದು ಅಕ್ಕ ಒಮ್ಮೆ ಕೇಳಿದಳು.

“ಅಷ್ಟೊತ್ತಿಗೆ ನನಗೆ ಜೇನು ಸಾಕೋದು ಮರೆತು ಹೋಗದಿದ್ರೆ ಇಡ್ತೀನಿ” ಎಂದ.

ಓದುವವರೇ, ಕೇಳುವವರೇ, ನಿಮ್ಮ ಕಂಪನಿಯೋ ಸಂಘವೋ ಶಾಲೆಯೋ ಗಿಡ ನೆಡಲು ಹೊರಟರೆ ಖಂಡಿತ ಹೋಗಿ. ಆದರೆ ಮಳೆಗಾಲದಲ್ಲಿ ಹೋಗಿ. ಆ ಮಣ್ಣಿನದೇ ಜಾತಿಯ ಸಸಿ ಕೇಳಿ ಪಡೆಯಿರಿ, ಚೀಲ ಬಿಚ್ಚಿ ನೆಡಿ, ಮುಂದಿನ ಬೇಸಿಗೆಗೆ ನೀರು ಹಾಕುವವರು ಯಾರೆಂದು ಅಂದೇ ತೀರ್ಮಾನಿಸಿ. ಇವೆಲ್ಲಕ್ಕೂ ಮೊದಲು, ಪಾಳು ಎಂದು ನಿಮಗೆ ಕಂಡ ಜಾಗದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಿ. ಅಲ್ಲಿ ಯಾರಾದರೂ ಊಟಕ್ಕೆ ಕೂತಿದ್ದರೆ ಎಬ್ಬಿಸಬೇಡಿ.