ಬೂದಿಗಡಿಗೆಯಲ್ಲಿ ಪೆನ್‌ಡ್ರೈವ್

ಜಕ್ಕಲಿಯ ಹೊಳಿಯಪ್ಪನ ಮೊಬೈಲ್ ಎಮ್ಮೆ ನೀರು ಕುಡಿಯುವ ಬಾನಿಯೊಳಗೆ ಬಿದ್ದದ್ದು ಮಗಳ ಮದುವೆಗೆ ಒಂಬತ್ತು ದಿನ ಉಳಿದಿದ್ದಾಗ. ಮೊಬೈಲ್ ಹೋದರೆ ಇನ್ನೊಂದು ತರಬಹುದು, ಅದೇನು ದೊಡ್ಡ ಮಾತಲ್ಲ. ಆದರೆ ಆ ಮೊಬೈಲಿನೊಳಗೆ ಅವನ ತಾಯಿ ಗಾಳೆವ್ವ ಇದ್ದಳು.

ಗಾಳೆವ್ವ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಬದುಕಿದ್ದಾಗ ಸುತ್ತಲಿನ ನಾಲ್ಕಾರು ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಅರಿಶಿಣ ಹಚ್ಚಿದರೂ ಸೋಬಾನ ಪದ ಹಾಡಲು ಅವಳೇ ಹೋಗಬೇಕು. ಕೊನೆಯ ಬೇಸಿಗೆಯಲ್ಲಿ ಹೊಳಿಯಪ್ಪ ಅವಳನ್ನು ಕಟ್ಟೆಯ ಮೇಲೆ ಕೂರಿಸಿ ಮೂವತ್ತೊಂದು ಪದಗಳನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದ. ಅದರಲ್ಲಿ ಒಂದು, ಮೊಮ್ಮಗಳು ಮಾಲಾಳ ಹೆಸರನ್ನೇ ಸೇರಿಸಿ ಅವಳ ಮದುವೆಗೆಂದೇ ಗಾಳೆವ್ವ ಕಟ್ಟಿದ ಪದ. ತನಗೆ ಅರಿಶಿಣ ಹಚ್ಚುವಾಗ ಮೊದಲು ಆಯಿಯ ದನಿಯೇ ಕೇಳಬೇಕು, ಆಮೇಲೆ ಉಳಿದವರದ್ದು ಎಂದು ಮಾಲಾ ಎಲ್ಲರಿಗೂ ಹೇಳಿಬಿಟ್ಟಿದ್ದಳು.

ಆ ಪದದಲ್ಲಿ ಹೊಳಿಯಪ್ಪನಿಗೆ ಒಂದೇ ಒಂದು ತಕರಾರಿತ್ತು. ಎರಡನೆಯ ನುಡಿ ಮುಗಿಯುವ ಹೊತ್ತಿಗೆ ಗಾಳೆವ್ವ ಹಾಡು ನಿಲ್ಲಿಸಿ ಮಗನನ್ನು ಬೈದಿದ್ದಳು. "ಕೈ ಯಾಕ ಅಲ್ಲಾಡಸಾಕತ್ತೀಯೋ ಹೊಳಿಯಾ? ಗಟ್ಟಿ ಹಿಡಿ. ಸಣ್ಣಾಂವಿದ್ದಾಗಿಂದ ನಿನ್ನ ಕೈಯಾಗ ಕೊಟ್ಟದ್ದು ಒಂದೂ ನೆಟ್ಟಗ ಉಳಿದಿಲ್ಲ." ಇಷ್ಟು ಬೈದು, ಏನೂ ಆಗದವಳಂತೆ ಮೂರನೆಯ ನುಡಿ ಎತ್ತಿಕೊಂಡಿದ್ದಳು. ಐವತ್ತೈದು ದಾಟಿದ ಮನುಷ್ಯ, ನಾಳೆ ಅಳಿಯನ ಮುಂದೆ, ಬೀಗರ ಮುಂದೆ, ಮೈಕಿನಲ್ಲಿ ಬೈಸಿಕೊಳ್ಳುವುದೆಂದರೆ ಏನು ಮರ್ಯಾದೆ ಉಳಿದೀತು?

ಈ ಚಿಂತೆಯನ್ನು ಅವನು ಹಿಂದಿನ ಹಿಂಗಾರಿ ಬಿತ್ತನೆಯ ಹೊತ್ತಿಗೆ ಕವಿತಾಳ ಮುಂದೆ ಇಟ್ಟಿದ್ದ. ಕವಿತಾ ಅವನ ಹೆಂಡತಿ ಸಣ್ಣವ್ವನ ತಂಗಿಯ ಮಗಳು. ಊರು ಲಕ್ಕಲಕಟ್ಟಿ, ಕೆಲಸ ಗಜೇಂದ್ರಗಡದ ಒಂದು ಕಾಲೇಜಿನಲ್ಲಿ. ಅಲ್ಲಿಯ ನೂರಿಪ್ಪತ್ತು ಕಂಪ್ಯೂಟರುಗಳು ಕೆಡದಂತೆ, ಅವುಗಳೊಳಗಿನ ಮಾಹಿತಿ ಕಳೆಯದಂತೆ ನೋಡಿಕೊಳ್ಳುವುದು ಅವಳ ಪಾಲಿಗೆ ಬಂದ ಕೆಲಸ. ಜಕ್ಕಲಿಯವರ ಲೆಕ್ಕದಲ್ಲಿ ಕರೆಂಟಿನಿಂದ ನಡೆಯುವುದೆಲ್ಲ ಕಂಪ್ಯೂಟರೇ. ಹಾಗಾಗಿ ಅವಳು ಬಂದಳೆಂದರೆ ಓಣಿಯವರು ಟಿವಿ ರಿಮೋಟು, ಮಿಕ್ಸರು ತರುತ್ತಿದ್ದರು, ಒಮ್ಮೆ ಒಂದು ಗೋಡೆ ಗಡಿಯಾರವನ್ನೂ ತಂದು ಮುಂದಿಟ್ಟಿದ್ದರು. ಒಮ್ಮೆ ಆರಿಸಿ ಮತ್ತೆ ಹಚ್ಚಿದರೆ ಅರ್ಧ ಕಾಯಿಲೆಗಳು ಹೋಗುತ್ತವೆ, ಉಳಿದರ್ಧಕ್ಕೆ ನಿನ್ನೆಯೇ ತೆಗೆದಿಟ್ಟ ಇನ್ನೊಂದು ಪ್ರತಿಯೇ ಔಷಧ ಎಂಬುದು ಅವಳ ಖಚಿತ ಅಭಿಪ್ರಾಯ. ಅದನ್ನು ಕೇಳದವರಿಗೂ ಹೇಳುತ್ತಿದ್ದಳು.

ಬೈಗುಳ ಕತ್ತರಿಸಿ ಕೊಡು ಎಂದಾಗ ಅವಳು ಮೂಲ ಹಾಡಿಗೆ ಕೈ ಹಚ್ಚಬಾರದು ಎಂದಳು. ಕತ್ತರಿಸುವುದಿದ್ದರೆ ಇನ್ನೊಂದು ಪ್ರತಿ ಮಾಡಿ ಅದನ್ನು ಕತ್ತರಿಸಬೇಕು. ಅಷ್ಟಕ್ಕೇ ಬಿಡದೆ, ಈ ಹಾಡು ಇನ್ನೆಲ್ಲೆಲ್ಲಿ ಇಟ್ಟಿದ್ದೀರಿ ಎಂದು ವಿಚಾರಿಸಿದಳು.

ಹೊಳಿಯಪ್ಪ ಮೀಸೆ ತಿರುವಿದ. "ನಾ ಏನ ಹುಚ್ಚನೇನು? ಮೂರು ಕಡಿ ಇಟ್ಟೇನಿ."

ಮೊಬೈಲ್ ತೆಗೆದು ತೋರಿಸಿದ. ಅದರೊಳಗೇ ಮೂರು ಫೋಲ್ಡರ್ ಇದ್ದವು. ಒಂದರ ಹೆಸರು ಅವ್ವ, ಇನ್ನೊಂದು ಅವ್ವ ಎರಡು, ಮತ್ತೊಂದು ಅವ್ವ ಮೂರು.

ಕವಿತಾ ನಗು ತಡೆದುಕೊಂಡಳು. "ಒಂದ ಮನಿಯಾಗ ಮೂರು ಖೋಲಿ ಕಟ್ಟಿದ್ರ ಮೂರು ಮನಿ ಆಗತಾವೇನ್ರಿ ದೊಡ್ಡಪ್ಪಾ? ಮನೀನ ಬಿತ್ತಂದ್ರ ಮೂರೂ ಖೋಲಿ ಹೋಗತಾವು."

ಕಿಸೆಯಲ್ಲಿರುವ ಮೊಬೈಲ್ ಎಲ್ಲಿಗೆ ಹೋಗುತ್ತದೆ, ಅದಕ್ಕೇನು ಕಾಲಿದೆಯೇ ಎಂದು ಹೊಳಿಯಪ್ಪ ತಳ್ಳಿಹಾಕಿದ. ಓದಿದವರಿಗೆ ಹೆದರಿಸುವುದೇ ಒಂದು ಉದ್ಯೋಗ ಎಂದೂ ಸೇರಿಸಿದ.

ಆದರೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸಣ್ಣವ್ವನ ಕಿವಿ ಇತ್ತಲೇ ಇತ್ತು. ಅವಳ ಮನೆಯಲ್ಲಿ ಬಿತ್ತುವ ಜೋಳವನ್ನು ಎಂದೂ ಒಂದೇ ಕಡೆ ಇಟ್ಟದ್ದಿಲ್ಲ. ಸ್ವಲ್ಪ ತೆನೆ ಒಲೆಯ ಮೇಲಿನ ಜಂತಿಗೆ ಹೊಗೆ ತಾಗುವಂತೆ ತೂಗುತ್ತದೆ. ಸ್ವಲ್ಪ ಕಾಳು ಬೂದಿ, ಬೇವಿನ ಎಲೆ ಬೆರೆಸಿ ಗಡಿಗೆಗೆ ಹೋಗುತ್ತದೆ. ಇನ್ನೊಂದು ಪಾಲು ಲಕ್ಕಲಕಟ್ಟಿಯ ತಂಗಿಯ ಮನೆಯಲ್ಲಿರುತ್ತದೆ. ಇಲ್ಲಿ ಹುಳ ಬಿದ್ದರೆ ಅಲ್ಲಿಯದು, ಅಲ್ಲಿ ಇಲಿ ತಿಂದರೆ ಇಲ್ಲಿಯದು. ಬಿತ್ತುವ ಮುಂಚೆ ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಎಷ್ಟು ಮೊಳಕೆ ಬಂತೆಂದು ನೋಡುತ್ತಾಳೆ. ಅವತ್ತೂ ಅಂಥದೊಂದು ಗಂಟು ಅವಳ ಪಕ್ಕದಲ್ಲೇ ಇತ್ತು.

"ಬೀಜ ಕಾಯ್ದಂಗ ಅನ್ನು," ಎಂದಳು ಸಣ್ಣವ್ವ.

ಕಾಲೇಜಿನಲ್ಲಿ ಐದು ವರ್ಷ ಬಡಿದುಕೊಂಡರೂ ಪ್ರಾಧ್ಯಾಪಕರ ತಲೆಗೆ ಹೋಗದ ಮಾತು ದೊಡ್ಡವ್ವನಿಗೆ ಒಂದು ರೊಟ್ಟಿ ಬೇಯುವುದರೊಳಗೆ ತಿಳಿದಿತ್ತು. ಕವಿತಾಳಿಗೆ ಎಷ್ಟು ಖುಷಿಯಾಯಿತೆಂದರೆ, ಅವತ್ತೇ ಮೂವತ್ತೊಂದು ಪದಗಳನ್ನೂ ಒಂದು ಪೆನ್‌ಡ್ರೈವಿಗೆ ತುಂಬಿ ಸಣ್ಣವ್ವನ ಕೈಗಿಟ್ಟಳು. ಇನ್ನೊಂದು ಪ್ರತಿಯನ್ನು ಲಕ್ಕಲಕಟ್ಟಿಯ ತನ್ನ ಮನೆಯ ಹಾರ್ಡ್‌ಡಿಸ್ಕಿಗೆ ಒಯ್ದಳು. ಆಗಾಗ ತೆಗೆದು ನೋಡುತ್ತಿರು ಎಂದು ದೊಡ್ಡವ್ವನಿಗೆ ಹೇಳುವುದನ್ನೂ ಮರೆಯಲಿಲ್ಲ. ಅವಳು ಅತ್ತ ಹೋದದ್ದೇ, ಹೊಳಿಯಪ್ಪ ಮೂರೂ ಫೋಲ್ಡರುಗಳಲ್ಲಿ ಅವ್ವನ ಬೈಗುಳವನ್ನು ಕತ್ತರಿಸಿ ಬಿಸಾಕಿದ. ಮೊಬೈಲಿನಲ್ಲಿ ಅವನು ಸ್ವಂತವಾಗಿ ಕಲಿತ ಮೊದಲ ವಿದ್ಯೆ ಅದು.

ಈಗ ಬಾನಿಯ ಮಾತು. ಎಮ್ಮೆಗೆ ಹಿಂಡಿ ಕಲಸಲು ಬಗ್ಗಿದಾಗ ಮೊಬೈಲ್ ಅಂಗಿಯ ಮೇಲಿನ ಕಿಸೆಯಿಂದ ಜಾರಿ ಬುಳುಕ್ ಎಂದಿತು. ಎಮ್ಮೆ ಅದೇ ಹೊತ್ತಿಗೆ ಮೂತಿ ಇಟ್ಟಿತು. ಇವನು ಕೊಂಬು ಹಿಡಿದು ಎಳೆದ, ಬೇಡಿಕೊಂಡ, ಬೈದ. ಅದು ಹೊಟ್ಟೆ ತುಂಬಿದ ಮೇಲೆಯೇ ಮುಖ ಎತ್ತಿದ್ದು. ಹೊರತೆಗೆದ ಮೊಬೈಲಿನ ಗಾಜಿನೊಳಗೆ ಹಿಂಡಿಯ ನೀರು ಆಡುತ್ತಿತ್ತು.

ಪೆನ್‌ಡ್ರೈವಿನ ನೆನಪು ಅವನಿಗೆ ಬಾರದೆ ಇರಲಿಲ್ಲ. ಆದರೆ ಅದನ್ನು ಕೇಳಿದರೆ ಮೊಬೈಲ್ ಬಿದ್ದದ್ದನ್ನು ಒಪ್ಪಿಕೊಳ್ಳಬೇಕು, ಒಪ್ಪಿಕೊಂಡರೆ ಹೆಂಡತಿಯ ಮುಂದೆ ಸೋಲಬೇಕು. ನೆನೆದ ಮೊಬೈಲನ್ನು ಕಾಳಿನೊಳಗೆ ಹುಗಿದರೆ ನೀರು ಹೀರುತ್ತದೆ ಎಂದು ಯಾರೋ ಹೇಳಿದ್ದು ನೆನಪಾಯಿತು. ಯಾರಿಗೂ ಕಾಣದಂತೆ ಪಡಸಾಲೆಯ ಜೋಳದ ಚೀಲದೊಳಗೆ ಮೊಣಕೈ ಮಟ ಕೈ ಹಾಕಿ ಹುಗಿದು, ನೆಮ್ಮದಿಯಿಂದ ಹೊಲಕ್ಕೆ ಹೋದ. ಮದುವೆ ರೊಟ್ಟಿಗೆಂದು ತೆಗೆದಿಟ್ಟ ಚೀಲ ಅದು ಎಂಬುದು ಅವನಿಗೆ ಹೊಳೆಯಲಿಲ್ಲ.

ಮಧ್ಯಾಹ್ನ ಗಿರಣಿಯ ಸುಭಾನಸಾಬ ಸ್ವತಃ ಹೊಲದ ಬದುವಿಗೇ ಸೈಕಲ್ ಹೊಡೆದುಕೊಂಡು ಬಂದ. ಕೈಯಲ್ಲಿ ಜೋಳದ ಧೂಳು ಮೆತ್ತಿದ ಮೊಬೈಲ್ ಇತ್ತು. ಸಣ್ಣವ್ವ ಚೀಲ ಸುರಿದಾಗ ಗಿರಣಿಯ ಬಾಯಿಗೆ ಬೀಳುವುದರೊಳಗೆ ಅವನೇ ಹಿಡಿದಿದ್ದ.

"ಹೊಳಿಯಪ್ಪಣ್ಣ, ಕೇಳಿಕೊಂಡ ಹೋಗೂಣಂತ ಬಂದೆ," ಎಂದ ಸುಭಾನಸಾಬ. "ಇದನ್ನ ಸಣ್ಣಗ ಬೀಸಲ್ಯೋ, ರವಾ ಮಾಡಲ್ಯೋ?"

ಗುಟ್ಟು ಗಿರಣಿಯಲ್ಲೇ ರಟ್ಟಾಗಿತ್ತು. ರೋಣದ ರಿಪೇರಿ ಅಂಗಡಿಯವನು ಮೊಬೈಲ್ ಬಿಚ್ಚಿ ನೋಡಿ, ಇದರೊಳಗಿನ ಏನೂ ಇನ್ನು ಸಿಗುವುದಿಲ್ಲ ಎಂದು ತಲೆ ಅಲ್ಲಾಡಿಸಿದ. ಮಾಲಾ ಬೈಯಲಿಲ್ಲ, ಅಳಲೂ ಇಲ್ಲ. ಅಪ್ಪನ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಬೈದಿದ್ದರೆ ಚಲೋ ಇತ್ತು ಅನ್ನಿಸಿತು ಹೊಳಿಯಪ್ಪನಿಗೆ.

ಸಣ್ಣವ್ವ ಮಾತ್ರ ಕದಲಲಿಲ್ಲ. ಸುದ್ದಿ ತಿಳಿದು ಸಂಜೆ ಕಾಲೇಜಿನಿಂದ ನೇರ ಬಂದಿದ್ದ ಕವಿತಾಳ ಮುಂದೆಯೇ ಮೂಲೆಯ ಗಡಿಗೆಯನ್ನು ಎತ್ತಿ ತಂದಳು. ಮುಚ್ಚಳ ತೆಗೆದು, ಬೇವಿನ ಎಲೆ ಸರಿಸಿ, ಬೂದಿಯೊಳಗೆ ಕೈಯಾಡಿಸಿದಳು. ಜೋಳದ ಕಾಳಿನ ಜೊತೆಗೆ ಪೆನ್‌ಡ್ರೈವ್ ಮೇಲೆ ಬಂತು. ಅದರ ಒಂದು ಬದಿ ಕರಗಿ ಸೊಟ್ಟಗಾಗಿತ್ತು, ಮೂತಿಯ ತುಂಬ ಬೂದಿ ಗಟ್ಟಿಯಾಗಿ ಕೂತಿತ್ತು.

"ಬೂದ್ಯಾಗ ಯಾಕ ಇಟ್ಟಿ ದೊಡ್ಡವ್ವಾ?" ಕವಿತಾ ಅದನ್ನು ಕೈಗೆತ್ತಿಕೊಂಡು ಕೇಳಿದಳು.

"ಹುಳ ಬೀಳಬಾರದಂತ. ಕಾಳಿಗೆ ಆರಿದ ಬೂದಿ ಸಾಕು, ಇದಕ್ಕಂತ ಅಮಾಸಿಗೊಮ್ಮೆ ಒಲ್ಯಾಗಿಂದು ಬಿಸಿ ಬೂದಿ ತೆಗದು ಸುತ್ತ ಹಾಕೇನಿ."

ಆಗಾಗ ನೋಡು ಎಂದಿದ್ದೆನಲ್ಲ ಎಂದರೆ, ಏಳು ಅಮಾವಾಸ್ಯೆಯೂ ಮುಚ್ಚಳ ತೆಗೆದು ನೋಡಿದ್ದಾಗಿ ಸಣ್ಣವ್ವ ಪ್ರಮಾಣ ಮಾಡಿದಳು. ಪ್ರತಿ ಸಲವೂ ಅದು ಅಲ್ಲೇ ಇತ್ತಂತೆ.

ಕವಿತಾ ತಲೆಗೆ ಕೈ ಹಚ್ಚಿಕೊಂಡು ನಕ್ಕಳು. "ಬೀಜ ಐತೋ ಇಲ್ಲೋ ನೋಡೀದಿ ದೊಡ್ಡವ್ವಾ. ಮೊಳಕಿ ನೋಡಲಿಲ್ಲ. ಹಾಡು ಹಚ್ಚಿ ಕೇಳಿದ್ರ ಅದು ನೋಡಿದಂಗ."

ಪೆನ್‌ಡ್ರೈವನ್ನು ಒರೆಸಿ, ಊದಿ, ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿದಳು. ಅದು ಉಸಿರು ಬಿಡಲಿಲ್ಲ. ಹೊಳಿಯಪ್ಪ ಕಂಬಕ್ಕೆ ಒರಗಿ ಕುಳಿತ. ಅವ್ವ ಸತ್ತ ದಿನವೂ ಅವನಿಗೆ ಇಷ್ಟು ಸಂಕಟವಾಗಿರಲಿಲ್ಲ, ಏಕೆಂದರೆ ಅವತ್ತು ಕಿಸೆಯಲ್ಲಿ ಅವಳ ದನಿಯಾದರೂ ಇತ್ತು. ಮಗಳಿಗೆ ಮುಖ ತೋರಿಸುವುದು ಹೇಗೆ ಎಂಬುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು.

ಲಕ್ಕಲಕಟ್ಟಿಯಲ್ಲಿ ಇನ್ನೊಂದು ಪ್ರತಿ ಇದೆ, ತಿಂಗಳ ಮೊದಲ ತಾರೀಖು ತಪ್ಪದೆ ಹಚ್ಚಿ ಕೇಳುತ್ತೇನೆ ಎಂದು ಕವಿತಾ ನೆನಪಿಸಿದಳು. ಹೊಳಿಯಪ್ಪ ನಂಬಲಿಲ್ಲ. ಕಿಸೆಯನ್ನು ನಂಬಿ ಕೆಟ್ಟೆ, ಬೂದಿಯನ್ನು ನಂಬಿ ಕೆಟ್ಟೆ, ನನ್ನ ಕಿವಿಯಿಂದ ಕೇಳುವ ತನಕ ಒಪ್ಪುವುದಿಲ್ಲ ಎಂದು ಅವಳ ಜೊತೆಗೇ ಬಸ್ ಹತ್ತಿದ.

ಅವಳ ಮನೆಯ ಹಾರ್ಡ್‌ಡಿಸ್ಕ್ ಸಾಬೂನು ತುಂಡಿನಷ್ಟಿತ್ತು. ಬರೀ ಬಟ್ಟೆಯಲ್ಲಿ ಸುತ್ತಿ, ಒಣ ಡಬ್ಬಿಯಲ್ಲಿ ಹಾಕಿ, ಕಪಾಟಿನ ಮೇಲಿನ ಅರೆಯಲ್ಲಿ ಇಟ್ಟಿದ್ದಳು. ಕವಿತಾ ಅದನ್ನು ಕಂಪ್ಯೂಟರಿಗೆ ಹಚ್ಚಿ ಒಂದು ಗುಂಡಿ ಒತ್ತಿದಳು. ಮೊದಲು ಕಟ್ಟೆಯ ಪಕ್ಕದ ಕೋಳಿ ಕೂಗಿತು. ಆಮೇಲೆ ಗಾಳೆವ್ವ ಹಾಡಿದಳು. ಮಾಲಾಳ ಹೆಸರು ಬಂತು. ಎರಡನೆಯ ನುಡಿ ಮುಗಿಯುತ್ತಲೇ ಹಾಡು ನಿಂತಿತು.

"ಕೈ ಯಾಕ ಅಲ್ಲಾಡಸಾಕತ್ತೀಯೋ ಹೊಳಿಯಾ? ಗಟ್ಟಿ ಹಿಡಿ."

ಹೊಳಿಯಪ್ಪ ಬೆಚ್ಚಿ ಎದ್ದು ನಿಂತ. ತಾನು ಕತ್ತರಿಸಿ ಎಸೆದ ಮಾತು ಇಲ್ಲಿ ಒಂದಕ್ಷರ ಬಿಡದೆ ಉಳಿದಿತ್ತು. ಹದಿನೆಂಟು ತಿಂಗಳಿಂದ ಅವನನ್ನು ಯಾರೂ ಹೊಳಿಯಾ ಎಂದು ಕರೆದಿರಲಿಲ್ಲ. ಅವನು ಟವೆಲ್ಲನ್ನು ಕಣ್ಣಿಗೆ ಒತ್ತಿಕೊಂಡು ಎಳೆಮಗುವಿನ ಹಾಗೆ ಅತ್ತ, ನಡುವೆ ನಗುವೂ ಬರುತ್ತಿತ್ತು.

"ಈ ಬೈದದ್ದು ತೆಗೀಲ್ಯಾ ದೊಡ್ಡಪ್ಪಾ?" ಕವಿತಾ ಮೆಲ್ಲಗೆ ಕೇಳಿದಳು.

"ಮುಟ್ಟಬ್ಯಾಡ ತಂಗಿ. ಅದರಾಗ ನನ್ನ ಹೆಸರೈತಿ."

ಅರಿಶಿಣದ ದಿನ ಮಾಲಾ ಮಣೆಯ ಮೇಲೆ ಕುಳಿತಳು. ಮೈಕಿನಲ್ಲಿ ಆಯಿಯ ಪದ ಕೇಳಿ ಅವಳ ಮುಖ ಅರಳಿತು. ಬೈಗುಳ ಬಂದಾಗ ಚಪ್ಪರದ ತುಂಬ ನಗೆ ಎದ್ದಿತು. ಬೀಗರೂ ನಕ್ಕರು, ಸುಭಾನಸಾಬ ಎಲ್ಲರಿಗಿಂತ ಜೋರಾಗಿ ನಕ್ಕ. ಹೊಳಿಯಪ್ಪ ಮಾತ್ರ ಹೊಸ ಮೊಬೈಲನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಅಲ್ಲಾಡದೆ ನಿಂತಿದ್ದ.

ಈಗ ಆ ಮನೆಯಲ್ಲಿ ಪದಗಳು ಮೊಬೈಲಿನಲ್ಲಿವೆ, ಹೊಸ ಪೆನ್‌ಡ್ರೈವಿನಲ್ಲಿ ಟ್ರಂಕಿನೊಳಗಿವೆ, ಲಕ್ಕಲಕಟ್ಟಿಯಲ್ಲೂ ಇವೆ. ಅಮಾವಾಸ್ಯೆಗೊಮ್ಮೆ ಸಣ್ಣವ್ವ ಪೆನ್‌ಡ್ರೈವನ್ನು ಟಿವಿಗೆ ಹಚ್ಚಿಸಿ ಹಾಡು ಹೊರಡುತ್ತದೋ ಇಲ್ಲವೋ ನೋಡುತ್ತಾಳೆ. ಓಣಿಯ ಹೆಂಗಸರು ಕೇಳಲು ಬಂದು ಕೂರುತ್ತಾರೆ, ಗಡಿಗೆಯಲ್ಲಿ ಜೋಳವಷ್ಟೇ ಉಳಿದಿದೆ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದಿ ಮುಗಿಸಿದ ಕೂಡಲೇ ನಿಮ್ಮ ಮೊಬೈಲನ್ನು ಒಮ್ಮೆ ಕೈಗೆತ್ತಿಕೊಳ್ಳಿ. ತೀರಿಹೋದವರ ದನಿ, ಮಗುವಿನ ಮೊದಲ ಫೋಟೊ, ಹೊಲದ ಪಹಣಿ ಉತಾರ, ಮಕ್ಕಳ ಅಂಕಪಟ್ಟಿ ಅದೊಂದರಲ್ಲೇ ಇವೆಯೇ ನೋಡಿ. ಇದ್ದರೆ ಈ ವಾರವೇ ಒಂದು ಪ್ರತಿ ಪೆನ್‌ಡ್ರೈವಿಗೆ ಹೋಗಲಿ, ಇನ್ನೊಂದು ಬೇರೆ ಊರಿನ ನಂಬಿಕೆಯ ಮನೆಗೆ ಹೋಗಲಿ. ನಿಮಗೆ ಬಾರದಿದ್ದರೆ ಬಲ್ಲವರನ್ನು ಕೇಳಿ, ಕೇಳಲು ನಾಚಿಕೆ ಬೇಡ, ಹೊಳಿಯಪ್ಪ ನಾಚಿದ್ದಕ್ಕೆ ಮೊಬೈಲ್ ಗಿರಣಿಗೆ ಹೋಯಿತು. ತಿಂಗಳಿಗೊಮ್ಮೆ ತೆರೆದು, ಹಚ್ಚಿ, ಕೇಳಿ ನೋಡಿ. ಎಲ್ಲಿ ಬೇಕಾದರೂ ಇಡಿ, ಬಿಸಿ ಬೂದಿಯಲ್ಲಿ ಮಾತ್ರ ಇಡಬೇಡಿ.