ಗುಂಡಪ್ಪನವರ ಮೊಮ್ಮಗಳು

ನನ್ನ ಹೊಸ ಕಾಲೇಜಿನ ಸಮಾರಂಭಕ್ಕೆ ತಾನು ಬರುವುದಿಲ್ಲ ಎಂದು ಋತ್ವಿಕ್ ಹೇಳಿದ್ದು ಹಿಂದಿನ ದಿನ, ಶುಕ್ರವಾರ ಸಂಜೆ. ಕಂಪನಿಯಲ್ಲಿ ಯಾವುದೋ ಮಶೀನು ಕೈಕೊಟ್ಟಿತ್ತಂತೆ, ಶನಿವಾರವೂ ಹೋಗಲೇಬೇಕಂತೆ. ನಾನು ಕೂಗಾಡಿದೆ. ಗಂಡ ಎನ್ನಿಸಿಕೊಂಡವನಿಗೆ ಹೆಂಡತಿಯ ಕಾಲೇಜಿಗಿಂತ ಮಶೀನು ಹೆಚ್ಚಾಯಿತೇ ಎಂದೆ. ಅವನು ನನ್ನ ಕೂಗಾಟಕ್ಕೆ ಒಗ್ಗಿಹೋದವನು. "ತನುಶ್ರೀನ ಕರ್ಕೊಂಡು ಹೋಗು. ಅವಳಿಗಿಂತ ಕ್ಲೋಸ್ ಇಲ್ಲಿ ಯಾರಿದ್ದಾರೆ ನಿಂಗೆ?" ಎಂದ.

ಇಡೀ ನೆದರ್‌ಲ್ಯಾಂಡ್ಸ್‌ನಲ್ಲಿ ಆ ದಿನ ನನ್ನ ಜೊತೆ ಬರಬಾರದಾಗಿದ್ದವಳು ಅವಳೊಬ್ಬಳೇ. ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ನಾನೊಂದು ನೆಪ ಹುಡುಕುವಷ್ಟರಲ್ಲಿ ಅವನು ಅವಳಿಗೆ ಫೋನ್ ಮಾಡಿ, ಸ್ಪೀಕರ್‌ಗೆ ಹಾಕಿಯೂ ಆಗಿತ್ತು. "ಅಯ್ಯೋ, ಖಂಡಿತಾ ಬರ್ತೀನಿ ಕಣೇ ಭಾವನಾ! ಪುಳಿಯೋಗರೆ ಮಾಡ್ಕೊಂಡು ಬರ್ತೀನಿ, ಟ್ರೇನಲ್ಲಿ ತಿನ್ನೋಣ," ಎಂದಳು.

ತನುಶ್ರೀಯೂ ನನ್ನ ಹಾಗೆಯೇ ಫಿಸಿಯೋಥೆರಪಿ ಓದಿದವಳು. ನಾನು ಮೈಸೂರಿನಲ್ಲಿ, ಅವಳು ಬೆಂಗಳೂರಿನಲ್ಲಿ. ಇಬ್ಬರೂ ಗಂಡಂದಿರ ಕೆಲಸದ ಬೆನ್ನುಹತ್ತಿ ರೈಸ್‌ವೈಕ್‌ಗೆ ಬಂದೆವು. ನಮ್ಮ ಡಿಗ್ರಿಗೆ ಇಲ್ಲಿ ಮನ್ನಣೆ ಸಿಗಲಿಲ್ಲ. ನಾನು ವೃದ್ಧರ ಆರೈಕೆ ಕೇಂದ್ರದಲ್ಲಿ ಮುದುಕಿಯರಿಗೆ ಸಾಕ್ಸ್ ಹಾಕುವ ಕೆಲಸಕ್ಕೆ ಸೇರಿದೆ, ಅವಳು ಬೇಕರಿಗೆ. ಆಮೇಲೆ ನೈಮೆಗನ್‌ನ ಆಸ್ಟಿಯೋಪಥಿ ಶಾಲೆಯ ವಿಷಯ ಗೊತ್ತಾಯಿತು. ಕೈಯಿಂದಲೇ ಕೀಲು, ಸ್ನಾಯುಗಳನ್ನು ಪರೀಕ್ಷಿಸಿ ಸಡಿಲಿಸುವ ವಿದ್ಯೆ ಅದು. ವಾರಾಂತ್ಯದ ತರಗತಿಗಳು, ಇಂಗ್ಲಿಷಿನಲ್ಲೇ ಪಾಠ, ಇಪ್ಪತ್ತನಾಲ್ಕು ಸೀಟು. ಇಬ್ಬರೂ ಅರ್ಜಿ ಹಾಕಿದೆವು. ಅಂಗರಚನಾಶಾಸ್ತ್ರದ ಪರೀಕ್ಷೆ ಬರೆದೆವು, ಪ್ರಾಕ್ಟಿಕಲ್ ಕೊಟ್ಟೆವು. ಕೊನೆಗೆ ಉಳಿದದ್ದು, ಈ ವಿದ್ಯೆ ನಿಮಗೇಕೆ ಬೇಕು ಎಂದು ಬರೆದುಕೊಡುವ ಪತ್ರ. ನಮ್ಮ ಕನ್ನಡ ವಾಟ್ಸ್ಯಾಪ್ ಗುಂಪಿನ ಪಂಡಿತರೆಲ್ಲ ಒಂದೇ ಸಮ ಹೇಳುತ್ತಿದ್ದರು: ಮಾರ್ಕ್ಸ್ ಏನಿಲ್ಲ, ಇಲ್ಲಿ ಎಲ್ಲಾ ನಿಂತಿರೋದು ಮೋಟಿವೇಶನ್ ಲೆಟರ್ ಮೇಲೆ.

ತನುಶ್ರೀ ತನ್ನ ಪತ್ರವನ್ನು ನನಗೆ ತೋರಿಸಲು ತಂದಳು. ಅದರ ತುಂಬ ಅವಳ ತಾತ ಇದ್ದರು. ಚಿಂತಾಮಣಿ ಕಡೆಯ ಹಳ್ಳಿಯಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಗುಂಡಪ್ಪನವರು ಸುತ್ತಲಿನ ಊರಿಗೆಲ್ಲ ಮೂಳೆ ಕಟ್ಟುತ್ತಿದ್ದರಂತೆ. ಕೈ ಮುರಿದುಕೊಂಡ ಮಕ್ಕಳನ್ನು ಕರೆತಂದರೆ, ಗ್ರೀಸು ತೊಳೆದುಕೊಂಡು, ಎರಡೂ ಅಂಗೈಯನ್ನು ತಮ್ಮ ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರಂತೆ. ಆಮೇಲೆ "ನಿಮ್ಮನೇಲಿ ಮೇಕೆ ಎಷ್ಟು? ಒಂದೊಂದರ ಹೆಸರು ಹೇಳು," ಎನ್ನುವರು. ಮಗು ಮೂರನೇ ಮೇಕೆಗೆ ಬರುವಷ್ಟರಲ್ಲಿ ಮೂಳೆ ಕೂತಿರುತ್ತಿತ್ತು. ಪಕ್ಕದಲ್ಲಿ ಬಿದಿರಿನ ದಬ್ಬೆ ಹಿಡಿದುಕೊಂಡು ನಿಲ್ಲುತ್ತಿದ್ದವಳು ಏಳು ವರ್ಷದ ತನುಶ್ರೀ. ನೋವು ಎಲ್ಲಿಲ್ಲವೋ ಅಲ್ಲಿಂದ ಶುರುಮಾಡು ಎಂದು ಅವಳಿಗೆ ಹೇಳಿಕೊಡುತ್ತಿದ್ದರಂತೆ. ಕಾಲೇಜಿನಲ್ಲಿ ಮೇಷ್ಟ್ರುಗಳು ನಾಟಿ ವೈದ್ಯರನ್ನು ಆಡಿಕೊಂಡು ನಗುವಾಗ ಅವಳೂ ಜೊತೆಯಲ್ಲಿ ನಕ್ಕಿದ್ದಳಂತೆ. ತನ್ನ ತಾತನ ಸುದ್ದಿ ಅಲ್ಲಿ ಒಂದು ದಿನವೂ ಎತ್ತಿರಲಿಲ್ಲವಂತೆ.

"ಇದನ್ನೆಲ್ಲಾ ತೆಗೆದುಹಾಕು," ಎಂದೆ ನಾನು. "ಇಲ್ಲಿನವರಿಗೆ ಸೈನ್ಸ್ ಬೇಕು. ಸೈಕಲ್ ಶಾಪು, ಮೇಕೆ ಅಂತ ಬರೆದ್ರೆ ನಗ್ತಾರೆ ಕಣೇ."

ಆ ಹೊತ್ತಿನಲ್ಲಿ ನಾನು ಅದನ್ನು ನಿಜವಾಗಿ ನಂಬಿಯೇ ಹೇಳಿದ್ದೆ. ಇಷ್ಟಾದರೂ ಯಾರಾದರೂ ನಂಬಬೇಕು. ಅವಳು ಸುಮ್ಮನೆ ತಲೆಯಾಡಿಸಿ, ನನ್ನ ಎದುರಿಗೇ ಆ ಪ್ಯಾರಾಗಳನ್ನು ಅಳಿಸಿದಳು. ಪತ್ರ ಕಳಿಸಬೇಕಾದ ಕೊನೆಯ ದಿನದ ಸಂಜೆ ನನ್ನ ಪತ್ರವನ್ನು ನಾನೇ ಓದಿಕೊಂಡೆ. ಸಪ್ಪೆ ಸಾರಿನ ಹಾಗಿತ್ತು. ಕೊಡಗಟ್ಟಲೆ ಸೈನ್ಸ್ ಇತ್ತು, ಒಬ್ಬ ಮನುಷ್ಯ ಇರಲಿಲ್ಲ. ಕೈ ತನ್ನಷ್ಟಕ್ಕೆ ತಾನೇ ಬರೆಯಿತು ಎಂದೆಲ್ಲ ಹೇಳುವುದಿಲ್ಲ. ಗೊತ್ತಿದ್ದೇ ಬರೆದೆ. "ನನ್ನ ತಾತ," ಎಂದು ಶುರುಮಾಡಿದೆ, ಹೆಸರು ಬಿಟ್ಟೆ, ದಬ್ಬೆ ಹಿಡಿದ ಹುಡುಗಿಯ ಜಾಗದಲ್ಲಿ ನನ್ನನ್ನು ನಿಲ್ಲಿಸಿದೆ. ನನ್ನ ನಿಜವಾದ ತಾತ ಮೈಸೂರಿನಲ್ಲಿ ಬ್ಯಾಂಕ್ ಮ್ಯಾನೇಜರಾಗಿದ್ದವರು, ಜನ್ಮದಲ್ಲಿ ಒಂದು ಬ್ಯಾಂಡೇಜು ಸುತ್ತಿದವರಲ್ಲ.

ಜೂನ್‌ನಲ್ಲಿ ಫಲಿತಾಂಶ ಬಂತು. ನನಗೆ ಸೀಟು ಸಿಕ್ಕಿತು, ಅವಳಿಗೆ ಸಿಗಲಿಲ್ಲ. ಅವಳು ಬೇಕರಿಯಿಂದ ಕೇಕ್ ತಂದು ನನ್ನ ಬಾಯಿಗಿಟ್ಟಳು. ಅಂದಿನಿಂದ ಅವಳ ಫೋನ್ ಬಂದರೆ ನಾಲ್ಕು ಸಲ ರಿಂಗಾಗಲು ಬಿಟ್ಟು ಎತ್ತುತ್ತಿದ್ದೆ.

ಶನಿವಾರ ರೈಲಿನಲ್ಲಿ ಅವಳು ಪುಳಿಯೋಗರೆ ಬಿಚ್ಚಿದಳು. ನಾನು ಎರಡು ತುತ್ತು ತಿಂದು ಡಬ್ಬಿ ಪಕ್ಕಕ್ಕಿಟ್ಟೆ. "ಟೆನ್ಶನ್ನಾ? ಏನಾಗಲ್ಲ ಬಿಡೇ, ನಾನಿದೀನಲ್ಲ," ಎಂದಳು.

ಶಾಲೆಯ ಬಾಗಿಲಲ್ಲಿ ಕೈಗೆ ಕಾರ್ಯಕ್ರಮದ ಹಾಳೆ ಕೊಟ್ಟರು. ಓದಿದೆ. ಪ್ರತಿ ಹೊಸ ವಿದ್ಯಾರ್ಥಿಗೆ ಅವರ ಕಡೆಯವರೊಬ್ಬರು ಬಿಳಿ ಕೋಟು ತೊಡಿಸುತ್ತಾರೆ. ಆಮೇಲೆ ಆ ಬಂದವರು ಸಭೆಯ ಕಡೆ ಮುಖ ಮಾಡಿ ಸ್ಟೂಲಿನ ಮೇಲೆ ಕೂರುತ್ತಾರೆ, ವಿದ್ಯಾರ್ಥಿ ಹಿಂದೆ ನಿಂತು ಅವರ ಹೆಗಲ ಮೇಲೆ ಕೈ ಇಡುತ್ತಾರೆ. ಈ ಶಾಲೆಯಲ್ಲಿ ಅದನ್ನು ಮೊದಲ ಸ್ಪರ್ಶ ಎನ್ನುತ್ತಾರಂತೆ. ಶಾಲೆಯ ವೆಬ್‌ಸೈಟಿನ ಫೋಟೊಗಳಿಂದ ಇಷ್ಟು ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಮುಂದಿನ ಸಾಲು: ಕೈ ಇಟ್ಟಿರುವ ಹೊತ್ತಿನಲ್ಲಿ ಆ ವಿದ್ಯಾರ್ಥಿಯ ಪತ್ರದಿಂದ ಕೆಲವು ವಾಕ್ಯಗಳನ್ನು ಓದಲಾಗುವುದು. ಆಗಸ್ಟ್‌ನಲ್ಲೇ ಇಮೇಲ್ ಬಂದಿತ್ತು. ಡಚ್‌ನಲ್ಲಿತ್ತೆಂದು ನಾನು ದಿನಾಂಕ, ವಿಳಾಸ ಮಾತ್ರ ನೋಡಿಕೊಂಡು ಮುಚ್ಚಿದ್ದೆ.

"ನೀನು ಬೇಕಾದ್ರೆ ಹೊರಗಡೆ ಕೂತ್ಕೊ, ಬೋರ್ ಆಗುತ್ತೆ," ಎಂದೆ ಅವಳಿಗೆ. ಎಂಥ ಮಾತು! ಕೋಟು ತೊಡಿಸಲು ಎರಡು ಗಂಟೆ ರೈಲಿನಲ್ಲಿ ಬಂದವಳಿಗೆ. "ತಲೆ ಕೆಟ್ಟಿದೆಯಾ?" ಎಂದು ನಕ್ಕು ಅವಳೇ ಮುಂದೆ ಹೋಗಿ ಎರಡನೇ ಸಾಲಿನಲ್ಲಿ ಜಾಗ ಹಿಡಿದಳು.

ನನ್ನದು ಹನ್ನೊಂದನೇ ಸರದಿ. ಹತ್ತು ಜನರ ತಾಯಂದಿರು, ಗಂಡಂದಿರು ಸ್ಟೂಲಿನ ಮೇಲೆ ಕೂತು ಎದ್ದರು. ಆ ಇಪ್ಪತ್ತು ಚಿಲ್ಲರೆ ನಿಮಿಷಗಳಲ್ಲಿ ಅವಳ ಕಿವಿಯಲ್ಲಿ ಎಲ್ಲ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಬೇರೆ ಯಾವುದಾದರೂ ಸಾಲು ಓದಿಯಾರು, ಕೊನೆಯಲ್ಲಿದ್ದ ಸೈನ್ಸ್ ಓದಿಯಾರು ಎಂದು ಮನಸ್ಸಿನಲ್ಲೇ ಹರಕೆ ಹೊರುತ್ತಾ ಕೂತೆ.

ಹೆಸರು ಕೂಗಿದರು. ತನುಶ್ರೀ ನನಗೆ ಕೋಟು ತೊಡಿಸಿದಳು, ಗುಂಡಿ ಹಾಕಿದಳು, ಮದುವಣಗಿತ್ತಿಯನ್ನು ನೋಡುವ ಹಾಗೆ ಒಮ್ಮೆ ಮೇಲಿಂದ ಕೆಳಗೆ ನೋಡಿ ಸ್ಟೂಲಿನ ಮೇಲೆ ಕೂತಳು. ನನಗೆ ಕಾಣುತ್ತಿದ್ದದ್ದು ಅವಳ ಜಡೆ ಮಾತ್ರ. ಅವಳ ಹೆಗಲ ಮೇಲೆ ಕೈ ಇಟ್ಟೆ. ಹಿರಿಯ ಶಿಕ್ಷಕಿ ಮರೈಕೆ ಕನ್ನಡಕ ಸರಿಮಾಡಿಕೊಂಡು ಓದಿದರು:

"ನನ್ನ ತಾತ ಸೈಕಲ್ ರಿಪೇರಿ ಮಾಡುತ್ತಿದ್ದರು, ಮುರಿದ ಮೂಳೆಗಳನ್ನೂ ಕೂಡಿಸುತ್ತಿದ್ದರು. ಮುಟ್ಟುವ ಮೊದಲು ಕೈಗಳನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ನೋವು ಎಲ್ಲಿಲ್ಲವೋ ಅಲ್ಲಿಂದ ಶುರುಮಾಡು ಎಂದು ನನಗೆ ಹೇಳಿಕೊಟ್ಟರು."

ಮೊದಲ ವಾಕ್ಯಕ್ಕೆ ಅವಳ ಹೆಗಲು ಅಲ್ಲಾಡಲಿಲ್ಲ. ಕಂಕುಳು ಎಂದಾಗ ಉಸಿರು ನಿಂತಿತು. ಮೂರನೇ ವಾಕ್ಯಕ್ಕೆ ನನ್ನ ಎರಡೂ ಅಂಗೈಯ ಕೆಳಗೆ ಅವಳ ಸ್ನಾಯುಗಳು ಮೆಲ್ಲಗೆ ಗಟ್ಟಿಯಾದವು, ಕುತ್ತಿಗೆಯವರೆಗೂ. ನಾಲ್ಕು ವರ್ಷ ಫಿಸಿಯೋಥೆರಪಿ ಓದಿದ್ದೇನೆ, ಒಬ್ಬ ಮನುಷ್ಯನಿಗೆ ವಿಷಯ ಗೊತ್ತಾಗುವುದು ಕೈಗೆ ಹೀಗೆ ಸಿಗುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಕೈ ತೆಗೆಯುವಂತಿರಲಿಲ್ಲ. ಓದಿದ ಮೇಲೆ ಒಂದು ನಿಮಿಷ ಮೌನವಾಗಿ ಹಾಗೆಯೇ ನಿಂತಿರಬೇಕೆಂಬುದು ಅಲ್ಲಿನ ಪದ್ಧತಿ. ಎದುರಿನ ಸಾಲಿನ ಹೆಂಗಸೊಬ್ಬಳು ತನುಶ್ರೀಯ ಮುಖ ನೋಡುತ್ತಾ ಕಣ್ಣೊರೆಸಿಕೊಂಡಳು. ಆ ಮುಖದಲ್ಲಿ ಏನಿತ್ತೋ, ಸಭೆಗೆಲ್ಲ ಕಂಡಿತು, ನನಗೆ ಕಾಣಲಿಲ್ಲ.

"ನಿಮ್ಮ ಕೈಗೆ ಏನು ತಿಳಿಯಿತು?" ಮರೈಕೆ ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆಯನ್ನು ಕೇಳಿದರು.

"ಶಾಂತಿ," ಎಂದೆ. ಕದ್ದದ್ದು ಸಾಲದು ಎಂದು ಸುಳ್ಳೂ ಹೇಳಿದೆ.

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅದುವರೆಗೆ ಬೇರೆ ಯಾರಿಗೂ ಎದ್ದಿರಲಿಲ್ಲ. ತನುಶ್ರೀ ಎದ್ದು, ನನ್ನ ಕಡೆ ತಿರುಗದೆ, ಫೋಟೊದವನು ಹೇಳಿದಲ್ಲಿ ನಿಂತು ನಕ್ಕಳು.

ಕಾಫಿಯ ಹೊತ್ತಿಗೆ ಮರೈಕೆ ನಮ್ಮಿಬ್ಬರನ್ನೂ ಹುಡುಕಿಕೊಂಡು ಬಂದರು. ಮೂವತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಅಂಥ ಮಾತು ಕೇಳಿರಲಿಲ್ಲ ಎಂದರು. ತನುಶ್ರೀಗೆ, "ನಿಮಗೂ ಆ ತಾತ ಪರಿಚಯವೇ?" ಎಂದು ಕೇಳಿದರು.

"ಚೆನ್ನಾಗಿ ಗೊತ್ತಿದ್ದರು," ಎಂದಳು ತನುಶ್ರೀ.

"ಅವರ ಹೆಸರೇನು?" ಈ ಪ್ರಶ್ನೆ ಮಾತ್ರ ನನಗೆ.

ತನುಶ್ರೀ ಆಗ ಮೊದಲ ಸಲ ನನ್ನನ್ನು ನೇರವಾಗಿ ನೋಡಿದಳು. ಕಾಯುತ್ತಿದ್ದಳು. ಅವಳೇ ಹೇಳಬಹುದಿತ್ತು, ಅಲ್ಲಿಯೇ ನನ್ನ ಮಾನ ಹರಾಜು ಹಾಕಬಹುದಿತ್ತು. ಹಾಕಲಿಲ್ಲ, ನನಗೆ ಬಿಟ್ಟುಕೊಟ್ಟಳು.

"ಗುಂಡಪ್ಪ," ಎಂದೆ. ಮರೈಕೆ ಆ ಹೆಸರನ್ನು ತಮ್ಮ ನಾಲಿಗೆಗೆ ಬಂದಂತೆ ಎರಡು ಸಲ ಅಂದುನೋಡಿದರು, ಮೂರನೇ ಸಲ ಸರಿಯಾಗಿ ಹೇಳಿಕೊಡಿ ಎಂದು ನನ್ನನ್ನೇ ಕೇಳಿದರು. ಹೇಳಿಕೊಟ್ಟೆ. ತನುಶ್ರೀ ಕಪ್ಪು ಕೆಳಗಿಟ್ಟು ಜಾಕೆಟ್ ತೆಗೆದುಕೊಳ್ಳಲು ಹೋದಳು.

ಅವಳ ಬೆನ್ನು ಬಾಗಿಲು ದಾಟಿದ ಮೇಲೆ ನನಗೆ ಧೈರ್ಯ ಬಂತು. ನನ್ನ ಧೈರ್ಯದ ಯೋಗ್ಯತೆಯೇ ಅಷ್ಟು. "ಅವರು ನನ್ನ ತಾತ ಅಲ್ಲ, ಅವಳ ತಾತ. ಅವಳೂ ಅರ್ಜಿ ಹಾಕಿದ್ದಳು. ಆ ಕಥೆ ಬರೀಬೇಡ ಅಂತ ಅವಳಿಗೆ ಹೇಳಿ ನಾನು ಬರೆದೆ. ಈ ಸೀಟು ಅವಳದು," ಎಂದು ಇಂಗ್ಲಿಷಿನಲ್ಲಿ ತಡವರಿಸುತ್ತಾ ಹೇಳಿ ಮುಗಿಸಿದೆ. ಕೋಟಿನ ಗುಂಡಿಗೆ ಕೈ ಹಾಕಿದ್ದೆ, ಅಲ್ಲೇ ಬಿಚ್ಚಿಕೊಡುವವಳ ಹಾಗೆ.

ಮರೈಕೆ ಬೈದಿದ್ದರೆ ಚೆನ್ನಾಗಿತ್ತು. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಹೇಳಿದರು: ಸೀಟು ಕೊಟ್ಟದ್ದು ಪರೀಕ್ಷೆ ಮತ್ತು ಪ್ರಾಕ್ಟಿಕಲ್ ಅಂಕದ ಮೇಲೆ. ನಿಮ್ಮ ಗೆಳತಿಗೆ ಅಂಕ ಸಾಲದೆ ಹೋಗಿರಬೇಕು. ಪತ್ರಗಳನ್ನು ನಾವು ತೆರೆಯುವುದೇ ಆಗಸ್ಟ್‌ನಲ್ಲಿ, ಈ ಸಮಾರಂಭಕ್ಕೆ ಸಾಲು ಆರಿಸಲು. ಆಯ್ಕೆಯಾಗದವರ ಪತ್ರಗಳನ್ನು ಯಾರೂ ಓದುವುದಿಲ್ಲ. "ಸೀಟು ನಿಮ್ಮದೇ. ಉಳಿದದ್ದನ್ನು ನಾನು ಯೋಚನೆ ಮಾಡಬೇಕು. ಸೋಮವಾರ ಬಂದು ನನ್ನನ್ನು ನೋಡಿ."

ಕೋಟನ್ನು ಚೀಲಕ್ಕೆ ತುರುಕಿಕೊಂಡು ಸ್ಟೇಷನ್‌ಗೆ ಓಡಿದೆ. ತನುಶ್ರೀ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ನಿಂತಿದ್ದಳು. ಏದುಸಿರು ಬಿಡುತ್ತಾ ಎಲ್ಲವನ್ನೂ ಒಂದೇ ಸಮ ಹೇಳಿದೆ. ತಪ್ಪಾಯಿತು ಎಂದೆ, ಮರೈಕೆಗೆ ಹೇಳಿ ಬಂದೆ ಎಂದೆ. ಪತ್ರದಿಂದ ಸೀಟು ಬರಲಿಲ್ಲವಂತೆ ಎಂದೂ ಹೇಳಿದೆ. ನಿಜ ಹೇಳಬೇಕೆಂದರೆ, ಆ ಕೊನೆಯ ಮಾತಿಗೆ ಅವಳ ಸಿಟ್ಟು ಒಂದು ಚೂರಾದರೂ ಇಳಿದೀತೆಂದು ಆಸೆಪಟ್ಟಿದ್ದೆ.

"ಅಂದ್ರೆ ಸೆಲೆಕ್ಷನ್‌ಗೆ ಆ ಲೆಟರ್ ಯಾರೂ ಓದೇ ಇರ್ಲಿಲ್ಲ?"

"ಇಲ್ಲ."

"ಹಂಗಾದ್ರೆ ಸುಮ್‌ಸುಮ್ನೆ ತಗೊಂಡ್ಯಲ್ಲೇ ನಮ್ ತಾತನ್ನ."

ಕೋಟು ತುರುಕಿದ್ದ ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದೆ.

"ಸೀಟು ಯಾವನಿಗೆ ಬೇಕು ಭಾವನಾ," ಎಂದಳು. ದನಿ ಏರಿಸಲಿಲ್ಲ. "ಕಾಲೇಜಲ್ಲಿ ಅಷ್ಟ್ ವರ್ಷ ಅವ್ರ ಹೆಸರು ಹೇಳಕ್ಕೆ ನಾಚ್ಕೊಂಡಿದ್ದೆ. ಈ ಸಲ ಹೇಳೋಣ ಅಂತ ಬರೆದಿದ್ದೆ. ನೀನು ನಗ್ತಾರೆ ಅಂದೆ, ಅಳಿಸಿದೆ. ಇವತ್ತು ನೋಡಿದ್ಯಾ, ಒಬ್ರಾದ್ರೂ ನಕ್ಕರಾ? ಅಷ್ಟೂ ಜನ ಎದ್ದು ನಿಂತ್ಕೊಂಡು ನಮ್ ತಾತಂಗೆ ಚಪ್ಪಾಳೆ ಹೊಡೆದ್ರು ಕಣೇ. ನಾನು ಅವ್ರ ಮೊಮ್ಮಗಳು, ಅವ್ರ ಎದುರಿಗೇ ಕೂತಿದೀನಿ. ನಿನ್ ಫ್ರೆಂಡ್ ಥರ ನಗ್ತಾ ಕೂತಿದೀನಿ."

ರೈಲು ಬಂತು. ಅವಳು ಗಾಜಿನ ಮೇಲೆ 'ಸ್ಟಿಲ್ಟೆ' ಎಂದು ಬರೆದಿರುವ ಬೋಗಿ ಹುಡುಕಿಕೊಂಡು ಹತ್ತಿದಳು, ಮಾತಾಡಬಾರದ ಬೋಗಿ. ನಾನೂ ಹತ್ತಿ ಎದುರಿನ ಸೀಟಿನಲ್ಲಿ ಕೂತೆ. ಅರ್ಧ ದಾರಿಯ ಉಟ್ರೆಕ್ಟ್‌ವರೆಗೂ ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ನಾನು ಒಮ್ಮೆ ಬಾಯಿ ತೆರೆದೆ. ಪಕ್ಕದಲ್ಲಿದ್ದ ಮುದುಕ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ, ಬಾಯಿ ಮುಚ್ಚಿಕೊಂಡೆ.